ಅಚ್ಚು ಬದಲಾದ ತೇರು

ಹಳೆಯ ಮಲ್ಟಿಮೀಡಿಯಾ ಕಂಪ್ಯೂಟರಿನ ಮದರ್‌ಬೋರ್ಡನ್ನು ಬೆಳಕಿಗೆ ಹಿಡಿದರೆ ಪ್ರೊಸೆಸರಿನ ಸುತ್ತ ಪುಟ್ಟ ಡಬ್ಬಿಗಳ ಸಾಲೊಂದು ಕಾಣುತ್ತದೆ. ಅವು ಕೆಪ್ಯಾಸಿಟರ್‌ಗಳು. ನೆತ್ತಿ ಚಪ್ಪಟೆಯಾಗಿದ್ದರೆ ಇನ್ನೂ ಜೀವ ಇದೆ. ಪೂರಿಯಂತೆ ಉಬ್ಬಿ ಕಂದು ಅಂಟು ಒಸರಿದ್ದರೆ ಆಯಸ್ಸು ಮುಗಿದಿದೆ. 2000ದ ಆಸುಪಾಸಿನಲ್ಲಿ ತಯಾರಾದ ಅಸಂಖ್ಯ ಬೋರ್ಡುಗಳು ಈ ಡಬ್ಬಿಯೊಳಗಿನ ದ್ರಾವಣದ ದೋಷದಿಂದಲೇ ಕೆಟ್ಟವು. ರಿಪೇರಿಯವರು ಬೋರ್ಡನ್ನು ಮಗುಚಿ, ಬೆಸುಗೆಯನ್ನು ಕಾಯಿಸಿ ಕರಗಿಸಿ, ಡಬ್ಬಿಯ ಎರಡು ಕಾಲುಗಳನ್ನು ಮೆಲ್ಲಗೆ ಅಲುಗಿಸುತ್ತ ಹೊರಗೆಳೆಯುತ್ತಾರೆ. ಹೊಸದನ್ನು ಕೂರಿಸುವಾಗ ಮೈಮೇಲಿನ ಪಟ್ಟಿ ಮೊದಲಿದ್ದ ಕಡೆಗೇ ಬರಬೇಕು. ತಿರುವುಮುರುವಾದರೆ ಕರೆಂಟು ಹರಿದಾಗ ಸಿಡಿದುಹೋಗಬಹುದು.

ಇವತ್ತು ಕೆಪ್ಯಾಸಿಟರ್, ನಾಳೆ ಕರೆಂಟು ಒದಗಿಸುವ ಎಸ್‌ಎಂಪಿಎಸ್. ಹಾರ್ಡ್ ಡಿಸ್ಕ್ ಕಟಕಟ ಎಂದು ನಿಂತರೆ ಅದರ ಜಾಗಕ್ಕೆ ಅಡಾಪ್ಟರಿನ ಮೇಲೆ ಕೂತ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡು. ಸಿ.ಡಿ. ಡ್ರೈವ್ ಬೇರೆ ಯಂತ್ರದ್ದು, ಸೌಂಡ್ ಕಾರ್ಡ್ ಇನ್ನೊಂದರದ್ದು. ಹೀಗೆ ಕೆಲವು ವರ್ಷ ನಡೆದರೆ ಮೊದಲಿನದು ಅಂತ ಉಳಿಯುವುದು ಕ್ಯಾಬಿನೆಟ್ಟಿನ ತಗಡು ಮಾತ್ರ. ಆದರೂ ಮನೆಯವರು ಅದನ್ನು 'ನಮ್ಮ ಹಳೇ ಕಂಪ್ಯೂಟರ್' ಎಂದೇ ಕರೆಯುತ್ತಾರೆ. ಆ ಮಾತು ನಿಜವೇ? ನಿಜವಾದರೆ ಯಾವ ಅರ್ಥದಲ್ಲಿ?

ಕೂಡ್ಲಿಗಿ ಸೀಮೆಯವರಿಗೆ ಇದು ಹೊಸ ಪ್ರಶ್ನೆಯಲ್ಲ. 2017ರ ಫೆಬ್ರುವರಿ 21ರಂದು ಅಲ್ಲಿನ ಕೊಟ್ಟೂರಿನ ಗುರುಬಸವೇಶ್ವರ ಸ್ವಾಮಿಯ ತೇರು, ಜನಸಾಗರದ ನಡುವೆ, ಅಚ್ಚು ಮುರಿದು ವಾಲಿ ನೆಲಕ್ಕುರುಳಿತು. ಬಾಳೆಹಣ್ಣು, ಉತ್ತತ್ತಿ ಎಸೆಯಲು ಕೈಯೆತ್ತಿದ್ದವರ ಕಣ್ಣೆದುರಿಗೇ ಅಷ್ಟೆತ್ತರದ ರಥ ಮರದ ರಾಶಿಯಾಯಿತು. ಆಮೇಲೆ ಹೊಸ ತೇರು ಕಟ್ಟಿದರು, ಭಕ್ತರು ಮತ್ತೆ ಮಿಣಿ ಹಿಡಿದು ಎಳೆದರು. ಆ ಮರ ಬೇರೆ, ಈ ಮರ ಬೇರೆ. ಸ್ವಾಮಿಯ ತೇರು ಮಾತ್ರ ಎರಡಾಗಲಿಲ್ಲ.

ಬೌದ್ಧರಲ್ಲಿ ಇದೇ ವಿಚಾರ ರಥವನ್ನೇ ಮುಂದಿಟ್ಟುಕೊಂಡು ನಡೆದಿದೆ. ಕ್ರಿ.ಪೂ. 2ನೇ ಶತಮಾನದ ಯವನ ದೊರೆ ಮಿನಾಂಡರ್ ಪಾಳಿಯ 'ಮಿಲಿಂದಪನ್ಹ' ಗ್ರಂಥದಲ್ಲಿ ಮಿಲಿಂದನಾಗಿ ಬರುತ್ತಾನೆ. ರಥವೇರಿ ಬಂದೆ ಎಂದ ದೊರೆಯನ್ನು ಭಿಕ್ಷು ನಾಗಸೇನ ಒಂದೊಂದೇ ಭಾಗ ಹಿಡಿದು ಕೇಳುತ್ತಾನೆ: ಅಚ್ಚು ರಥವೇ, ಗಾಲಿ ರಥವೇ, ನೊಗ ರಥವೇ? ಎಲ್ಲಕ್ಕೂ ದೊರೆಯ ಉತ್ತರ ಅಲ್ಲ ಎಂದೇ. ಭಾಗಗಳು ಕೂಡಿದಾಗ ವ್ಯವಹಾರಕ್ಕೆಂದು ಇಟ್ಟ ಹೆಸರೇ ರಥ, ಒಳಗೆ ಬೇರೆ ಸಾರವೇನೂ ಕೂತಿಲ್ಲ ಎಂಬಲ್ಲಿಗೆ ಮಾತು ಬಂದು ಮುಟ್ಟುತ್ತದೆ. ರ್‍ಯಾಮ್, ಕಾರ್ಡು, ಕೇಬಲ್ಲುಗಳನ್ನು ಟೇಬಲ್ ಮೇಲೆ ಹರವಿಕೊಂಡು ಕೂತವರಿಗೆ ಈ ವಾದ ಬಿಡಿಸಿ ಹೇಳಬೇಕಿಲ್ಲ.

ಗ್ರೀಕರ ಹಡಗಿನ ಕಥೆಗೆ ಇನ್ನೊಂದು ತಿರುವು. ಥೀಸಿಯಸ್ ಏರಿಬಂದ ಮೂವತ್ತು ಹುಟ್ಟುಗಳ ಹಡಗಿನ ಕೊಳೆತ ಹಲಗೆಗಳನ್ನು ತೆಗೆದು ಅಥೆನ್ಸಿನವರು ಹೊಸ ಹಲಗೆ ಹಾಕುತ್ತ ಬಂದರು ಎಂದು ಪ್ಲೂಟಾರ್ಕ್ ಬರೆದ. ತೆಗೆದ ಹಲಗೆಗಳನ್ನೆಲ್ಲ ಒಬ್ಬ ಕೂಡಿಟ್ಟು ಇನ್ನೊಂದು ಹಡಗು ಕಟ್ಟಿದರೆ ಯಾವುದು ನಿಜವಾದ ಹಡಗು ಎಂದು 1655ರಲ್ಲಿ ತತ್ತ್ವಜ್ಞಾನಿ ಥಾಮಸ್ ಹಾಬ್ಸ್ ಕೇಳಿದ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇದು ದಿನನಿತ್ಯದ ವ್ಯಾಪಾರ. ಕೂಡ್ಲಿಗಿಯಿಂದ ರಾತ್ರಿ ಬಸ್ಸು ಹಿಡಿದು ಹೋದವರು ಅಲ್ಲಿ ಕೊಳ್ಳುವ ಹಳೆಯ ಸೌಂಡ್ ಬ್ಲಾಸ್ಟರ್ ಕಾರ್ಡು ಯಾರದೋ ಮನೆಯಲ್ಲಿ ಹಾಡಿದ್ದು, ನಲವತ್ತು ಪಿನ್ನಿನ ಚಪ್ಪಟೆ ಐಡಿಇ ಕೇಬಲ್ಲು ಯಾವುದೋ ಆಫೀಸಿನ ಲೆಕ್ಕಪತ್ರ ಹೊತ್ತದ್ದು. ಒಂದು ಯಂತ್ರದ ಸಾವು ಹತ್ತು ಯಂತ್ರಗಳಿಗೆ ಹಂಚಿಹೋಗುತ್ತದೆ.

ಕೊಳ್ಳುವಾಗ ಅವಸರ ಮಾಡಬಾರದು. ಪ್ಲಗ್ ಚುಚ್ಚಿ ನೋಡುವ ಮೊದಲು ಮುಚ್ಚಳ ಬಿಚ್ಚಬೇಕು, ಮೂಸಬೇಕು. 386, 486 ಕಾಲದ ಎಷ್ಟೋ ಬೋರ್ಡುಗಳಲ್ಲಿ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯನ್ನು ನೇರವಾಗಿ ಬೆಸೆದಿರುತ್ತಾರೆ. ಅದು ಸೋರಿದರೆ ಗೆದ್ದಲು ಮರ ತಿಂದ ಹಾಗೆ ತಾಮ್ರದ ಗೆರೆಗಳನ್ನು ತಿನ್ನುತ್ತ ಹೋಗುತ್ತದೆ. ಸೋರಿದ್ದು ಕ್ಷಾರವಾದ್ದರಿಂದ ಬಿಳಿ ವಿನಿಗರ್ ಇಲ್ಲವೇ ನಿಂಬೆರಸದಲ್ಲಿ ಒರೆಸಿ, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ತೊಳೆದು ಒಣಗಿಸುತ್ತಾರೆ. ರ್‍ಯಾಮಿನ ಹಲ್ಲುಗಳು ಮಾಸಿದ್ದರೆ ಶಾಲೆ ಮಕ್ಕಳ ರಬ್ಬರಿನಿಂದ ಉಜ್ಜಿದರೆ ಸಾಕು.

ಅಷ್ಟೆಲ್ಲ ಪಾಡುಪಟ್ಟು ಉಳಿಸುವುದಾದರೂ ಏನನ್ನು? ಮಲ್ಟಿಮೀಡಿಯಾ ಪಿಸಿಗೆಂದು 1991ರಲ್ಲಿ ಗೊತ್ತುಮಾಡಿದ ಮೊದಲ ಅಳತೆಯಲ್ಲಿ ಬೇಕಿದ್ದದ್ದು 2 ಎಂಬಿ ರ್‍ಯಾಮ್, 30 ಎಂಬಿ ಹಾರ್ಡ್ ಡಿಸ್ಕ್, ಸೆಕೆಂಡಿಗೆ 150 ಕೆಬಿ ಓದುವ ಸಿ.ಡಿ. ಡ್ರೈವ್. ಇವತ್ತು ಮೊಬೈಲಿನ ಒಂದು ಫೋಟೊ ಆ ರ್‍ಯಾಮಿನಲ್ಲಿ ಹಿಡಿಸುವುದಿಲ್ಲ. ಶಕ್ತಿಯ ಲೆಕ್ಕ ಹಿಡಿದರೆ ಹಳೆಯ ಯಂತ್ರಕ್ಕೆ ಬೆಲೆಯೇ ಇಲ್ಲ. ಬೆಲೆ ಇರುವುದು ಅದು ಮಾತ್ರ ತೆರೆಯಬಲ್ಲ ವಸ್ತುಗಳಲ್ಲಿ. ಯೂನಿಕೋಡ್ ಬಳಕೆಗೆ ಬರುವ ಮುಂಚೆ ಡಿಟಿಪಿ ಅಂಗಡಿಗಳಲ್ಲಿ ಕೂಡಿಸಿದ ಕನ್ನಡಕ್ಕೆ ಒಂದೊಂದು ತಂತ್ರಾಂಶದಲ್ಲಿ ಒಂದೊಂದು ಸಂಕೇತವಿತ್ತು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಲಗ್ನಪತ್ರಿಕೆಯಾಗಲಿ, ಮಠದ ಜಾತ್ರೆಯ ಕರಪತ್ರವಾಗಲಿ, ಸ್ಮರಣ ಸಂಚಿಕೆಯಾಗಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತದೆ. ಕೆಲವು ತಂತ್ರಾಂಶ ನಡೆಯಬೇಕಾದರೆ ಪ್ರಿಂಟರ್ ಪೋರ್ಟಿಗೆ ಒಂದು ಡಾಂಗಲ್ ಸಿಕ್ಕಿಸಿರಬೇಕಿತ್ತು. ಡಾಂಗಲ್ ಕಳೆದರೆ ತಂತ್ರಾಂಶಕ್ಕೆ ಬೀಗ, ಆ ಪೋರ್ಟು ಇರುವ ಯಂತ್ರ ಸಿಗದಿದ್ದರೆ ಡಾಂಗಲ್ ಇದ್ದೂ ಇಲ್ಲದ ಹಾಗೆ.

ಹೊರಗಿನದು ಹೋದರೂ ಒಳಗಿನದನ್ನು ಉಳಿಸಿಕೊಳ್ಳಬೇಕಾದ ಈ ಸಂಕಟವನ್ನು ನಮ್ಮ ದೇವಾಲಯಗಳ ಜೀರ್ಣೋದ್ಧಾರ ಪದ್ಧತಿ ಚೆನ್ನಾಗಿ ಬಲ್ಲದು. ಆಗಮದ ಕ್ರಮದಲ್ಲಿ ಗರ್ಭಗುಡಿಯ ಕಲ್ಲು ಕದಲಿಸುವ ಮೊದಲು ಕಲಾಕರ್ಷಣೆ ಮಾಡುತ್ತಾರೆ. ಮೂರ್ತಿಯಲ್ಲಿರುವ ದೈವಕಲೆಯನ್ನು ಕಲಶದ ನೀರಿಗೆ ಆವಾಹಿಸಿಕೊಂಡು, ಬಾಲಾಲಯವೆಂಬ ತಾತ್ಕಾಲಿಕ ಗುಡಿಯಲ್ಲಿಟ್ಟು ಪೂಜೆ ನಡೆಸುತ್ತಾರೆ. ಕಟ್ಟಡ ಮುಗಿದ ಮೇಲೆ ಪುನಃ ಪ್ರತಿಷ್ಠೆ. ಪುರಿಯ ಜಗನ್ನಾಥನಿಗೆ 1996ರಲ್ಲಿ, ಮತ್ತೆ 2015ರಲ್ಲಿ ನವಕಳೇವರ ನಡೆದಾಗ ಹಳೆಯ ದಾರುಮೂರ್ತಿಯೊಳಗಿನ ಬ್ರಹ್ಮಪದಾರ್ಥವನ್ನು ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ದೈತಾಪತಿ ಸೇವಕರು ಹೊಸ ಮೂರ್ತಿಗೆ ಸಾಗಿಸಿದರು. ಮರ ಹೋಗಲಿ, ಕಲ್ಲು ಹೋಗಲಿ, ಒಳಗಿರುವುದು ದಾಟಬೇಕು. ಹಳೆಯ ಬಟ್ಟೆ ಬಿಟ್ಟು ಹೊಸದು ತೊಡುವ ಗೀತೆಯ ಹೋಲಿಕೆಯೂ ಇದೇ ಜಾಡಿನದು.

ಹಾರ್ಡ್ ಡಿಸ್ಕಿನ ಮುಂದೆ ಮಾತ್ರ ಈ ಹೋಲಿಕೆ ಪೂರ್ತಿ ಕೂಡಿಬರುವುದಿಲ್ಲ. ಬಟ್ಟೆ ಕಳಚಿದರೂ ತೊಟ್ಟವನು ಉಳಿಯುತ್ತಾನೆ. ಡಿಸ್ಕಿನಲ್ಲಿರುವ ಬರಹವಾದರೋ ತಟ್ಟೆಯ ಮೇಲಿನ ಕಾಂತೀಯ ಗುರುತುಗಳ ಸಾಲು. ತಟ್ಟೆ ಗೀರಿಹೋದರೆ ಎತ್ತಿ ಬೇರೆ ಕಡೆ ಇಡಲು ಬರಹ ಅಂತ ಪ್ರತ್ಯೇಕವಾಗಿ ಏನೂ ಇರುವುದಿಲ್ಲ. ಕಾಪಿ ಮಾಡುವಾಗಲೂ ಇಲ್ಲಿಂದ ಅಲ್ಲಿಗೆ ಯಾವ ಪದಾರ್ಥವೂ ಹೋಗುವುದಿಲ್ಲ. ಹಳೆಯ ಗುರುತು ಇದ್ದಲ್ಲೇ ಇರುತ್ತದೆ, ಅಲ್ಲಿ ಅಂಥದೇ ಗುರುತು ಮೂಡುತ್ತದೆ. ಇದಕ್ಕೆ ಹತ್ತಿರವಾದದ್ದು ನಾಗಸೇನನೇ ಕೊಟ್ಟ ಇನ್ನೊಂದು ಹೋಲಿಕೆ, ರಾತ್ರಿಯಿಡೀ ಉರಿಯುವ ದೀಪ. ಮೊದಲ ಜಾವದ ಜ್ವಾಲೆ ಕೊನೆಯ ಜಾವದ್ದಲ್ಲ, ಬೇರೆ ದೀಪವೂ ಅಲ್ಲ. ದೀಪದಿಂದ ದೀಪ ಹಚ್ಚಿದಾಗ ಮೊದಲನೆಯದು ಕಡಿಮೆಯಾಗುವುದಿಲ್ಲ, ಆದರೆ ಮೊದಲನೆಯದು ಆರುವ ಮುನ್ನವೇ ಹಚ್ಚಿರಬೇಕು. ಹಾಗಾಗಿ ಹಳೆಯ ಯಂತ್ರದ ರಿಪೇರಿಯಲ್ಲಿ ಹೊತ್ತು ನೋಡಿ ಮಾಡಬೇಕಾದ ಧರ್ಮವೊಂದಿದೆ. ಕೆಪ್ಯಾಸಿಟರನ್ನು ಮುಂದಿನ ವರ್ಷವೂ ಹಾಕಿಸಬಹುದು, ಕಟಕಟ ಎನ್ನುವ ಡಿಸ್ಕು ಮುಂದಿನ ವಾರದವರೆಗೂ ಕಾಯಲಾರದು.

ಬಿಡಿಭಾಗ ಕೂಡಿಡುವವರಿಗೆ ಜೈನರ ಅಪರಿಗ್ರಹ ಒಂದು ನೇರ ಪ್ರಶ್ನೆ ಹಾಕುತ್ತದೆ. ಇಲ್ಲಿನ ಕೋಗಳಿಯಲ್ಲಿ ಪ್ರಾಚೀನ ಬಸದಿಯಿದೆ. ಆ ವ್ರತ ಈ ಸೀಮೆಗೆ ದೂರದ್ದಲ್ಲ. ಬೇಕಾದ್ದಕ್ಕಿಂತ ಹೆಚ್ಚು ಹಿಡಿದಿಟ್ಟುಕೊಳ್ಳುವುದು ಬಂಧನ ಎನ್ನುತ್ತದೆ ಅದು. ಒಂದು ಯಂತ್ರ ನಡೆಯಲು ಎರಡು ಕೀಬೋರ್ಡ್, ಒಂದು ಹೆಚ್ಚುವರಿ ಡ್ರೈವ್ ಇಟ್ಟುಕೊಂಡರೆ ಅದು ಉಪಕರಣ. ಕೋಣೆ ತುಂಬ ಪೇರಿಸಿಟ್ಟು, ಬೇಡಿದವರಿಗೂ ಕೊಡದೆ, ಧೂಳು ತಿನ್ನಲು ಬಿಟ್ಟರೆ ಅದು ಪರಿಗ್ರಹವೇ. ಉಪಯೋಗಕ್ಕೆ ಬಾರದ್ದನ್ನು ಗುಜರಿಗೆ ಹಾಕಿ ಸುಡಲು ಬಿಡುವುದೂ ಸಲ್ಲದು. ಬೆಸುಗೆಯಲ್ಲಿ ಸೀಸವಿದೆ, ಆ ಹಳೆಯ ಬ್ಯಾಟರಿಗಳಲ್ಲಿ ಕ್ಯಾಡ್ಮಿಯಂ ಇದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಇಂಥ ಹಳೆಯ ಯಂತ್ರಗಳನ್ನು ನೋಂದಾಯಿತ ಮರುಬಳಕೆದಾರರಿಗೇ ಮುಟ್ಟಿಸಬೇಕೆನ್ನುತ್ತವೆ.

ಕೊಟ್ಟೂರಿಗೆ ಹತ್ತಿರದ ಉಜ್ಜಿನಿಯಲ್ಲಿ ಮರುಳಸಿದ್ಧೇಶ್ವರ ದೇವಾಲಯದ ಶಿಖರಕ್ಕೆ ಪ್ರತಿ ವರ್ಷ ತೈಲಾಭಿಷೇಕವಾಗುತ್ತದೆ. ನೆತ್ತಿಯಿಂದ ಎಣ್ಣೆ ಸುರಿದು ಇಡೀ ಶಿಖರ ಮಿಂದು ಹೊಳೆಯುತ್ತದೆ. ಕೆಡಲಿ ಅಂತ ಯಾರೂ ಕಾಯುವುದಿಲ್ಲ, ವರ್ಷಕ್ಕೊಮ್ಮೆ ಕಲ್ಲನ್ನು ಮುಟ್ಟಿ ಮಾತಾಡಿಸಲೇಬೇಕು. ಹಳೆಯ ಯಂತ್ರ ಇಟ್ಟುಕೊಂಡವರು ಆಯುಧಪೂಜೆಯ ದಿನ ಧೂಳೊರೆಸಿ, ಕುಂಕುಮವಿಟ್ಟು, ಒಮ್ಮೆ ಚಾಲೂ ಮಾಡುವುದರಲ್ಲೂ ಆ ಬಗೆಯ ಒಂದು ಭಕ್ತಿ ಇದೆ. ನಾಣ್ಯದಷ್ಟು ಗಾತ್ರದ 3 ವೋಲ್ಟಿನ ಸಿಆರ್2032 ಬ್ಯಾಟರಿ ಖಾಲಿಯಾಗಿದ್ದರೆ ಯಂತ್ರ ತಾನು ಯಾವ ದಿನದಲ್ಲಿದ್ದೇನೆ ಎಂಬುದನ್ನೇ ಮರೆತಿರುತ್ತದೆ. ಬ್ಯಾಟರಿ ಬದಲಿಸಿ ತಾರೀಖು ಹೇಳಿಕೊಟ್ಟರೆ ಮತ್ತೆ ನಮ್ಮ ಕಾಲಕ್ಕೆ ಬರುತ್ತದೆ.

ಮದುವೆ ವಿಡಿಯೊಗಳ ಮಿನಿ ಡಿವಿ ಕ್ಯಾಸೆಟ್ಟುಗಳು ಇನ್ನೂ ಎಷ್ಟೋ ಮನೆಗಳ ಟ್ರಂಕುಗಳಲ್ಲಿವೆ. ಅವನ್ನು ಇಳಿಸಿಕೊಳ್ಳಲು ಆ ಕಾಲದ ಕ್ಯಾಮೆರಾ ಬೇಕು, ಫೈರ್‌ವೈರ್ ಕಾರ್ಡಿರುವ ಕಂಪ್ಯೂಟರ್ ಬೇಕು, ಎರಡರ ನಡುವೆ ಸಣ್ಣ ಮೂತಿಯ ಕೇಬಲ್ಲು ಬೇಕು. ಒಂದು ಗಂಟೆಯ ಕ್ಯಾಸೆಟ್ಟು ಸುಮಾರು 13 ಜಿಬಿ ಆಗುತ್ತದೆ, ಇಳಿಯಲು ಅಷ್ಟೇ ಒಂದು ಗಂಟೆ ಹಿಡಿಯುತ್ತದೆ. ಅವಸರಪಡಿಸುವ ದಾರಿಯಿಲ್ಲ. ಮನೆಯವರು ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಹಸಿರು ಚಪ್ಪರ, ವಾಲಗ, ಅಕ್ಷತೆ ಹಿಡಿದು ನಿಂತ ಅಜ್ಜ. ಅಜ್ಜ ಕ್ಯಾಮೆರಾದವನಿಗೆ ಊಟ ಆಯ್ತೇನಪ್ಪಾ ಎಂದು ಕೇಳುವ ದನಿ, ಯಾರದೋ ಯಂತ್ರದಿಂದ ಬಂದ ಸೌಂಡ್ ಕಾರ್ಡಿನ ಮೂಲಕ, ಹೊಸದಾಗಿ ಬೆಸೆದ ಕೆಪ್ಯಾಸಿಟರುಗಳ ಮೇಲೆ ನಡೆಯುವ ಬೋರ್ಡಿನಿಂದ, ಎರಡು ಪುಟ್ಟ ಸ್ಪೀಕರುಗಳಲ್ಲಿ ಕೇಳಿಸುತ್ತದೆ. ಕ್ಯಾಸೆಟ್ಟು ಇನ್ನೂ ನಲವತ್ತು ನಿಮಿಷ ಓಡಬೇಕಿದೆ.