ಹೋಗಲೇಬೇಕಾದ ದಾರಿ

ಜಪಾನಿನ ಗಿಫು ಪ್ರಾಂತ್ಯದ ಬೆಟ್ಟಸೀಮೆಯಲ್ಲಿ ಸಕಾಶಿತ ಎಂಬ ಸಣ್ಣ ಊರಿತ್ತು. ಈಗ ಅದು ನಕತ್ಸುಗವ ನಗರಕ್ಕೆ ಸೇರಿಹೋಗಿದೆ. ಅಲ್ಲಿನ ಒಂದು ಹಳೆಯ ಮನೆಯಲ್ಲಿ ಕಕ್ಕಸು ಇದ್ದದ್ದು ನೆಲದಡಿಯ ಸುರಂಗದಂಥ ಓಣಿಯ ತುದಿಯಲ್ಲಿ. ಗೂನುಬೆನ್ನಿನ, ಉದ್ದುದ್ದ ಕಾಲಿನ, ತಟಕ್ಕನೆ ನೆಗೆಯುವ ಹುಳುಗಳು ಆ ಓಣಿಯಲ್ಲಿ ತುಂಬಿರುತ್ತಿದ್ದವು. ಮನೆಯ ಪುಟ್ಟ ಹುಡುಗನಿಗೆ ಅಲ್ಲಿಗೆ ಹೋಗುವುದೆಂದರೆ ಜೀವವೇ ಬಾಯಿಗೆ ಬರುತ್ತಿತ್ತು. ಆದರೆ ಅವಸರವಾದಾಗ ಹೋಗದೆ ಗತಿಯಿಲ್ಲ.

1963ರ ಜುಲೈ 31ರಂದು ಹುಟ್ಟಿದ ಆ ಹುಡುಗನೇ ಜುಂಜಿ ಇಟೊ. ಭಯದ ಚಿತ್ರಕಥೆಗಾರರಲ್ಲಿ ಇವತ್ತು ದೇಶದೇಶಗಳಲ್ಲಿ ಓದುಗರಿರುವ ಹೆಸರು. ಆ ಓಣಿಯ ನೆನಪನ್ನು ಇಟೊ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಅದನ್ನು ಅವರ ಬಾಲ್ಯದ ಒಂದು ಸ್ವಾರಸ್ಯವೆಂದು ಓದಿ ಮುಂದೆ ಹೋಗಲು ನನ್ನಿಂದ ಆಗಿಲ್ಲ. ಅವರ ಕಥೆಗಳನ್ನು ಓದುತ್ತ ಹೋದಷ್ಟೂ ಎಲ್ಲವೂ ಆ ಓಣಿಯಲ್ಲೇ ನಡೆಯುತ್ತಿವೆ ಅನ್ನಿಸುತ್ತದೆ.

ಸಾಮಾನ್ಯವಾಗಿ ದೆವ್ವದ ಕಥೆಯೆಂದರೆ ಹೋಗಬಾರದ ಜಾಗಕ್ಕೆ ಹೋದವರ ಕಥೆ. ಪಾಳುಬಿದ್ದ ಬಂಗಲೆ, ಊರಾಚೆಯ ಹುಣಸೆಮರ, ಅಮಾವಾಸ್ಯೆಯ ಸ್ಮಶಾನ. ಅತ್ತ ತಲೆಹಾಕದಿದ್ದರೆ ಏನೂ ಆಗುವುದಿಲ್ಲ ಎಂಬ ಧೈರ್ಯವನ್ನು ಅಂಥ ಕಥೆಗಳು ಒಳಗೊಳಗೇ ಕೊಡುತ್ತಿರುತ್ತವೆ. ಇಟೊ ಆ ಧೈರ್ಯವನ್ನು ಕಿತ್ತುಕೊಳ್ಳುತ್ತಾರೆ. ಅವರಲ್ಲಿ ಭಯ ಕಾದು ಕೂತಿರುವುದು ಶಾಲೆಯಲ್ಲಿ, ಸ್ವಂತ ಊರಿನಲ್ಲಿ, ಕೆಲವೊಮ್ಮೆ ಸ್ವಂತ ಮುಖದಲ್ಲಿ. ಅಲ್ಲಿಗೆ ಹೋಗದೆ ಬದುಕುವುದು ಹೇಗೆ?

ಇದನ್ನು ಅವರಿಗೆ ಮೊದಲು ಕಲಿಸಿದವರು ಕಜುವೊ ಉಮೆಜು. ಇಟೊಗೆ ನಾಲ್ಕೈದು ವರ್ಷವಿದ್ದಾಗ ಅಕ್ಕಂದಿರು ತರುತ್ತಿದ್ದ ಪತ್ರಿಕೆಗಳಲ್ಲಿ ಉಮೆಜು ಅವರ ಚಿತ್ರಕಥೆಗಳು ಬರುತ್ತಿದ್ದವು. ಅಕ್ಷರ ಸರಿಯಾಗಿ ಕೂಡದ ವಯಸ್ಸಿನಲ್ಲಿ ಆ ಹುಡುಗ ಅವುಗಳ ಪುಟ ತಿರುವುತ್ತಿದ್ದ. ಇಲ್ಲೊಂದು ಮಾತು ಹೇಳಬೇಕು: ಜಪಾನಿನಲ್ಲಿ ಭಯದ ಚಿತ್ರಕಥೆಯನ್ನು ಸಾಕಿ ಬೆಳೆಸಿದ್ದರಲ್ಲಿ ಹುಡುಗಿಯರ ಪತ್ರಿಕೆಗಳ ಪಾಲು ದೊಡ್ಡದು. ಉಮೆಜು 1965ರ ಹೊತ್ತಿಗೆ ಅಂಥದ್ದೊಂದು ವಾರಪತ್ರಿಕೆಯಲ್ಲಿ ಅಮ್ಮನ ರೂಪ ತೊಟ್ಟು ಬರುವ ಹಾವಿನ ಹೆಂಗಸಿನ ಕಥೆ ಬರೆದರು. ಇಟೊ ಮೊದಲು ಓದಿದ್ದೆಂದು ನೆನೆಯುವ ಉಮೆಜು ಕಥೆಯಲ್ಲಿ ಮಮ್ಮಿಯಾಗಿ ಎದ್ದುಬರುವವಳು ಶಾಲೆಯ ಮೇಡಂ. ಅಮ್ಮ, ಮೇಡಂ. ಮಗುವೊಂದು ಇವರಿಬ್ಬರನ್ನು ಬಿಟ್ಟು ಎಲ್ಲಿಗೆ ಓಡೀತು? ಓಡಿಬಂದು ತಬ್ಬಿಕೊಳ್ಳಬೇಕಾದ ಮಡಿಲೇ ತಣ್ಣಗೆ ಹೊರಳಿದರೆ? ನಾರಾ ಸೀಮೆಯ ಬೆಟ್ಟದೂರುಗಳಲ್ಲಿ ಬೆಳೆದ ಉಮೆಜು ತಂದೆಯ ಬಾಯಲ್ಲಿ ಹಾವಿನ ಹೆಣ್ಣಿನ ಕಥೆ ಕೇಳಿದ್ದರಂತೆ. ಮುಂದೆ 1972ರಿಂದ 1974ರವರೆಗೆ ಬರೆದ ದೊಡ್ಡ ಕೃತಿಯಲ್ಲಿ ಒಂದಿಡೀ ಪ್ರಾಥಮಿಕ ಶಾಲೆಯನ್ನೇ ಮಕ್ಕಳ ಸಮೇತ ಹಾಳುಬಿದ್ದ ಭವಿಷ್ಯಕ್ಕೆ ಎತ್ತಿಹಾಕಿದರು. 2024ರ ಅಕ್ಟೋಬರಿನಲ್ಲಿ, 88ನೇ ವಯಸ್ಸಿನಲ್ಲಿ ಅವರು ತೀರಿಕೊಂಡಾಗ ಜಪಾನಿನ ಭಯದ ಕಥೆ ತನ್ನ ಹಿರಿಯನನ್ನು ಕಳೆದುಕೊಂಡಿತು.

ಇಟೊ ಓದು ಮುಗಿಸಿ ಹಿಡಿದದ್ದು ದಂತ ತಂತ್ರಜ್ಞನ ಕೆಲಸ. ಹಲ್ಲಿನ ಅಚ್ಚು ನೋಡಿ ಕಟ್ಟುಹಲ್ಲು, ಹಲ್ಲಿನ ಟೋಪಿ ತಯಾರಿಸುವ ನಾಜೂಕಿನ ಕೆಲಸ. ಕೂದಲೆಳೆ ಆಚೀಚೆಯಾದರೂ ಬಾಯಿಗೆ ಕೂರುವುದಿಲ್ಲ. ಹಗಲು ಆ ಕೆಲಸ, ಬಿಡುವಿದ್ದಾಗ ಚಿತ್ರಕಥೆ. ಹುಡುಗಿಯರಿಗಾಗಿ ಹೊಸದಾಗಿ ಶುರುವಾಗಿದ್ದ 'ಹ್ಯಾಲೋವೀನ್' ಎಂಬ ಮಾಸಪತ್ರಿಕೆ ಉಮೆಜು ಹೆಸರಿನಲ್ಲಿ ಸ್ಪರ್ಧೆಯೊಂದನ್ನು ಇಟ್ಟಾಗ, ಉಮೆಜು ಅವರೇ ಓದುತ್ತಾರಲ್ಲ ಎಂಬ ಆಸೆಯಿಂದ ಇಟೊ ಒಂದು ಕಥೆ ಕಳಿಸಿದರು. ಮೊದಲ ಬಹುಮಾನ ಬರಲಿಲ್ಲ, ಮೆಚ್ಚುಗೆಯ ಬಹುಮಾನ ಬಂತು. 1987ರಲ್ಲಿ ಅಚ್ಚಾದ ಆ ಕಥೆಯ ಹೆಸರು 'ತೊಮಿಯೆ'.

ತೊಮಿಯೆ ಹುಟ್ಟಿದ ಬಗೆಯನ್ನು ಓದಿದಾಗಿನಿಂದ ಅದು ನನ್ನ ತಲೆಯಿಂದ ಹೋಗಿಲ್ಲ. ಇಟೊ ಶಾಲೆಯಲ್ಲಿದ್ದಾಗ ಅವರ ತರಗತಿಯ ಹುಡುಗನೊಬ್ಬ ಸತ್ತ. ಅವನು ಇಲ್ಲ ಎಂಬುದು ಗೊತ್ತು. ಆದರೆ ಇನ್ನೇನು ಬಾಗಿಲು ತಳ್ಳಿಕೊಂಡು ಬಂದು ತನ್ನ ಜಾಗದಲ್ಲಿ ಕೂತುಬಿಡುತ್ತಾನೆ ಅನ್ನಿಸುತ್ತಲೇ ಇತ್ತಂತೆ. ಸಾವು ಕಂಡ ಮನೆಗಳಲ್ಲಿ ಇದನ್ನು ಅನುಭವಿಸದವರು ಇಲ್ಲ. ಗೇಟಿನ ಸದ್ದಾದರೆ ಕಿವಿ ನಿಗುರುತ್ತದೆ, ಊಟಕ್ಕೆ ಕೂತಾಗ ಕೈ ಒಂದು ತಟ್ಟೆ ಹೆಚ್ಚಿಗೆ ಇಡುತ್ತದೆ. ನಾವು ಅದನ್ನು ದುಃಖ ಎನ್ನುತ್ತೇವೆ, ದಿನ ಕಳೆದಂತೆ ಸಮಾಧಾನ ಮಾಡಿಕೊಳ್ಳುತ್ತೇವೆ. ಇಟೊ ಸಮಾಧಾನ ಮಾಡಿಕೊಳ್ಳಲಿಲ್ಲ. ಸರಿ, ನಿಜವಾಗಿಯೂ ಬಂದರೆ ಏನಾಗುತ್ತದೆ ಎಂದು ಕೇಳಿದರು. ಅದಕ್ಕೆ ಹಲ್ಲಿಯ ಬಾಲ ತುಂಡಾದರೂ ಮತ್ತೆ ಬೆಳೆಯುವ ಸಂಗತಿಯನ್ನು ಜೋಡಿಸಿದರು.

ಕಥೆಯಲ್ಲಿ ತರಗತಿಯವರೆಲ್ಲ ಪ್ರವಾಸ ಹೋದಾಗ ತೊಮಿಯೆ ಎಂಬ ಸುಂದರ ಹುಡುಗಿ ಎತ್ತರದಿಂದ ಬೀಳುತ್ತಾಳೆ. ಮೇಷ್ಟರೂ ಹುಡುಗರೂ ಕೂಡಿಕೊಂಡು ದೇಹವನ್ನು ತುಂಡು ಮಾಡಿ ಬಚ್ಚಿಡುತ್ತಾರೆ. ಆಮೇಲೆ ಒಂದು ದಿನ ತೊಮಿಯೆ ಎಂದಿನಂತೆ ಶಾಲೆಗೆ ಬರುತ್ತಾಳೆ, ಏನೂ ಆಗದವಳ ಹಾಗೆ. ಬಂದವಳು ಕೂಗುವುದಿಲ್ಲ, ಹಲ್ಲು ಕಚ್ಚಿ ಸೇಡಿನ ಮಾತಾಡುವುದಿಲ್ಲ, ತಡವಾಯಿತೆಂದು ನಗುತ್ತಾಳೆ. ಆ ನಗು ನನಗೆ ಕೊಟ್ಟ ದಿಗಿಲನ್ನು ಉಳಿದ ಯಾವ ಪ್ರೇತದ ಆರ್ಭಟವೂ ಕೊಟ್ಟಿಲ್ಲ. ಆಪ್ತರು ಹಿಂದಿರುಗಲಿ ಎಂದು ಹಂಬಲಿಸುವ ನಮ್ಮೆಲ್ಲರ ಆಸೆಯನ್ನೇ ಇಟೊ ತೆಗೆದುಕೊಂಡು, ಅದು ಈಡೇರುವುದನ್ನು ಬರೆದಿದ್ದಾರೆ. ಅವಳನ್ನು ತುಂಡು ಮಾಡಿದವರೂ ಅವಳಿಂದ ದೂರ ಇರಲಾರರು. ಮುಂದೆ ವರ್ಷಗಟ್ಟಲೆ ಬರೆದ ತೊಮಿಯೆ ಕಥೆಗಳಲ್ಲೆಲ್ಲ ಗಂಡಸರು ಅವಳ ಕಡೆಗೇ ನಡೆದುಬರುತ್ತಾರೆ, ಕೊಲ್ಲುತ್ತಾರೆ, ಕೊಂದಷ್ಟೂ ಅವಳು ಹೆಚ್ಚುತ್ತಾಳೆ.

'ತೊಮಿಯೆ' ಅಚ್ಚಾಗಿ ಮೂರು ವರ್ಷದ ಹೊತ್ತಿಗೆ ಇಟೊ ಹಲ್ಲಿನ ಕೆಲಸ ಬಿಟ್ಟರು. ಕೈ ಆ ಕೆಲಸವನ್ನು ಮರೆಯಲಿಲ್ಲ ಎಂದು ನನಗೆ ಕಾಣುತ್ತದೆ. ಇಟೊ ಅವರ ಪುಟದಲ್ಲಿ ಗಡಿಬಿಡಿಯ ಗೆರೆ ಇಲ್ಲ. ಕೂದಲಿನ ಒಂದೊಂದು ಎಳೆ, ಮರದ ಗೋಡೆಯ ಒಂದೊಂದು ನಾರು, ಕಣ್ಣಿನ ಕೆಳಗಿನ ಕಪ್ಪು, ಎಲ್ಲವನ್ನೂ ಸಣ್ಣ ಗೆರೆಗಳಿಂದ ಸಮಾಧಾನವಾಗಿ ತುಂಬುತ್ತಾರೆ. ಭಯಾನಕವಾದದ್ದನ್ನು ಬರೆಯುವಾಗಲೂ ಆ ಸಮಾಧಾನ ಕದಲುವುದಿಲ್ಲ. ಬೀಭತ್ಸವನ್ನು ಕಲೆಸಿ, ಮಸಿ ಚೆಲ್ಲಿ ತೋರಿಸುವವರು ಬಹಳ ಮಂದಿ. ಹೀಗೆ ತೊಳೆದಿಟ್ಟಷ್ಟು ಸ್ವಚ್ಛವಾಗಿ ತೋರಿಸಿದಾಗ ಕಣ್ಣು ತಪ್ಪಿಸಿಕೊಳ್ಳುವುದಕ್ಕೆ ಮಬ್ಬು ಸಿಗುವುದಿಲ್ಲ.

1998ರಲ್ಲಿ ಶುರುವಾದ 'ಉಝುಮಾಕಿ' ಅವರ ಹೆಸರನ್ನು ಜಪಾನಿನ ಆಚೆಗೆ ಒಯ್ದ ಕೃತಿ. ಉಝುಮಾಕಿ ಎಂದರೆ ಸುಳಿ. ಮೊದಲು ಅವರ ಮನಸ್ಸಿನಲ್ಲಿದ್ದದ್ದು ಬಹಳ ಉದ್ದದ ಸಾಲುಮನೆಯೊಂದರ ಕಥೆ. ನಮ್ಮ ವಠಾರದಂಥ ಅಂಥದೇ ಮನೆಯಲ್ಲಿ ಅವರೂ ಬಾಲ್ಯದಲ್ಲಿ ಇದ್ದವರು. ಅಷ್ಟುದ್ದದ ಮನೆಯನ್ನು ಪುಟದೊಳಗೆ ಹಿಡಿಸುವುದು ಹೇಗೆ ಎಂದು ಯೋಚಿಸುವಾಗ ದಾರಿ ತೋರಿಸಿದ್ದು ಸೊಳ್ಳೆಬತ್ತಿ. ಸುತ್ತಿದರೆ ಎಷ್ಟುದ್ದ ಬೇಕಾದರೂ ಎಳೆಯಬಹುದು. (ಸೊಳ್ಳೆಬತ್ತಿಗೆ ಸುರುಳಿ ಬಂದದ್ದೂ ಇದೇ ಲೆಕ್ಕದಿಂದಲೇ. ಮೊದಲು ಜಪಾನಿನಲ್ಲಿ ಅದು ಊದುಬತ್ತಿಯ ಹಾಗೆ ನೆಟ್ಟಗಿದ್ದು ಬೇಗ ಉರಿದುಹೋಗುತ್ತಿತ್ತು. ಅದನ್ನು ಮಾಡುತ್ತಿದ್ದ ಉಯೆಯಾಮಾ ಅವರ ಹೆಂಡತಿ ಸುರುಳಿ ಸುತ್ತಲು ಸೂಚಿಸಿದರು. ಸುರುಳಿ ಬತ್ತಿ 1902ರಲ್ಲಿ ಮಾರಾಟಕ್ಕೆ ಬಂತು. ನಮ್ಮ ಮನೆಗಳ ಮಂಚದಡಿಯಲ್ಲಿ ಉರಿಯುವುದೂ ಆ ಹೆಣ್ಣುಮಗಳ ಬುದ್ಧಿಯೇ.)

ಸುಳಿ ಜಪಾನಿನ ಚಿತ್ರಗಳಲ್ಲಿ ಭಯದ ಗುರುತಾಗಿರಲಿಲ್ಲ. ತಮಾಷೆಯ ಚಿತ್ರಕಥೆಗಳಲ್ಲಿ ಪಾತ್ರಗಳ ಕೆನ್ನೆಯ ಮೇಲೆ ಸುಳಿ ಬರೆದರೆ ಅದು ಬೆಚ್ಚನೆಯ, ಮುದ್ದಿನ ಗುರುತು. ಅದನ್ನು ಹೆದರಿಸುವಂತೆ ಮಾಡುವುದು ಇಟೊ ತಮಗೆ ತಾವೇ ಹಾಕಿಕೊಂಡ ಸವಾಲು. ಅದಕ್ಕಾಗಿ ಸುಳಿಯ ಬೆನ್ನು ಬಿದ್ದರು. ಸ್ನಾನದ ತೊಟ್ಟಿಯ ನೀರು ಬಿಟ್ಟು ಅದು ಸುತ್ತಿ ಇಳಿಯುವುದನ್ನು ನೋಡಿದರು, ಬಸವನಹುಳು ಸಾಕಿದರು, ಸುರುಳಿ ಗುರುತಿರುವ ತಿಂಡಿಗಳನ್ನೇ ತಿಂದರು. ಕಥೆಯೊಳಗೆ ಇದೇ ಕೆಲಸ ಮಾಡುವವನು ಶೂಇಚಿ ಎಂಬ ಹುಡುಗನ ತಂದೆ. ದಿನವಿಡೀ ಬಸವನಹುಳುವಿನ ಚಿಪ್ಪಿನ ಮುಂದೆ ಕುಕ್ಕರಿಸಿ ಕೂತು, ಕಡೆಗೆ ತನ್ನ ದೇಹವನ್ನೇ ಸುರುಳಿ ಮಾಡಿಕೊಂಡು ಸಾಯುತ್ತಾನೆ. ಕಥೆಗಾರ ತಾನು ಕೂತ ಜಾಗದಲ್ಲೇ ಪಾತ್ರವನ್ನೂ ಕೂರಿಸಿದ್ದಾನೆ. ಕಲಾವಿದನೊಬ್ಬ ತನ್ನ ಗೀಳಿನ ಬಗ್ಗೆ ಇಷ್ಟು ನೇರವಾಗಿ ಬರೆದದ್ದನ್ನು ನಾನು ಹೆಚ್ಚು ಕಂಡಿಲ್ಲ. ತನ್ನೊಳಗಿನ ಯಾವುದು ತನ್ನನ್ನು ನುಂಗಬಹುದೋ ಅದನ್ನೇ ದಿನದಿನವೂ ಮೇಜಿನ ಮೇಲಿಟ್ಟುಕೊಂಡು ಕೂರುವ ಬದುಕು ಅದು.

ಅಮೆರಿಕದ ಲವ್‌ಕ್ರಾಫ್ಟ್ ಬರೆದ ಕಥೆಗಳ ಋಣವನ್ನು ಇಟೊ ಒಪ್ಪುತ್ತಾರೆ. ಮನುಷ್ಯನನ್ನು ಲೆಕ್ಕಕ್ಕೇ ಇಟ್ಟುಕೊಳ್ಳದ ಯಾವುದೋ ಪುರಾತನ ಶಕ್ತಿ, ಅದರ ಕಾರಣ ಕೊನೆಗೂ ಬಿಡಿಸದಿರುವುದು, ಇವೆಲ್ಲ ಅಲ್ಲಿಂದ ಬಂದವು. ಆದರೆ ಲವ್‌ಕ್ರಾಫ್ಟ್ ವರ್ಣಿಸಲಾಗದು ಎಂದು ನಿಲ್ಲಿಸುವ ಕಡೆ ಇಟೊ ಕುಂಚ ಎತ್ತಿಕೊಳ್ಳುತ್ತಾರೆ. ಚಿತ್ರಕಥೆಗಾರನಿಗೆ ಬೇರೆ ದಾರಿಯಿಲ್ಲ, ತೋರಿಸಲೇಬೇಕು.

ತೋರಿಸುವುದರಲ್ಲೂ ಒಂದು ಹಿಕಮತ್ತಿದೆ. ಸಿನಿಮಾಕ್ಕೆ ಕತ್ತಲಿದೆ, ಸದ್ದಿದೆ, ಬೆನ್ನ ಹಿಂದಿನಿಂದ ಒಮ್ಮೆಲೇ ಎರಗಬಹುದು. ಕಾಗದಕ್ಕೆ ಇವು ಯಾವುವೂ ಇಲ್ಲ. ಕಾಗದಕ್ಕೆ ಇರುವುದು ಪುಟ ತಿರುವುವ ಗಳಿಗೆ ಮಾತ್ರ. ಇಟೊ ಎಡಪುಟದ ಕೊನೆಯ ಚೌಕದವರೆಗೆ ಏನೂ ಹೇಳದೆ ತರುತ್ತಾರೆ. ಜಪಾನಿ ಪುಸ್ತಕ ಬಲದಿಂದ ಎಡಕ್ಕೆ ಓದುವುದರಿಂದ ಪುಟ ತಿರುವಬೇಕಾದದ್ದು ಅಲ್ಲೇ. ಹುಡುಗಿ ಬಾಗಿಲ ಕಡೆ ನೋಡುತ್ತಾಳೆ, ಅವಳ ಕಣ್ಣರಳುತ್ತವೆ, ಅವಳಿಗೆ ಕಂಡದ್ದು ನಮಗೆ ಕಾಣುವುದಿಲ್ಲ. ಆಚೆ ಪುಟದಲ್ಲಿ ಏನೋ ಇದೆ ಎಂದು ಓದುಗನಿಗೆ ಗೊತ್ತಾಗಿಬಿಡುತ್ತದೆ. ಪುಸ್ತಕ ಮುಚ್ಚಿಡಬಹುದು; ಮುಚ್ಚುವುದಿಲ್ಲ. ತಿರುವುವುದು ನಮ್ಮದೇ ಕೈ, ಹೋಗುವುದು ನಮ್ಮದೇ ಕಾಲು. 2019ರಲ್ಲಿ ಘೋಷಣೆಯಾಗಿ 2024ರಲ್ಲಿ ನಾಲ್ಕು ಕಂತುಗಳಲ್ಲಿ ಬಂದ 'ಉಝುಮಾಕಿ'ಯ ಕಪ್ಪುಬಿಳುಪು ಆನಿಮೇಷನ್ ಅವರ ಗೆರೆಗೆ ಬಹಳ ನಿಷ್ಠೆ ತೋರಿಸಲು ಹೊರಟಿತ್ತು. ಮೊದಲ ಕಂತು ಚೆನ್ನಾಗಿಯೇ ಇತ್ತು. ಆದರೂ ಪರದೆ ತನ್ನ ವೇಗದಲ್ಲಿ ತಾನು ಓಡುತ್ತದೆ, ನೋಡುವವರ ಕೈಗೆ ಕೆಲಸವಿಲ್ಲ. ನನಗೆ ಅಲ್ಲಿ ಕೊರತೆ ಕಂಡದ್ದು ಅದೇ.

ಎರಡು ಸಣ್ಣ ಕಥೆಗಳನ್ನು ನೆನೆಯದೆ ಇರಲಾರೆ. ಒಂದರಲ್ಲಿ ಆಕಾಶದಲ್ಲಿ ಮನುಷ್ಯರ ತಲೆಯಾಕಾರದ ದೊಡ್ಡ ಬಲೂನುಗಳು ತೇಲಿಬರುತ್ತವೆ. ಒಂದೊಂದಕ್ಕೂ ಊರಿನ ಒಬ್ಬೊಬ್ಬರ ಮುಖ, ಕೆಳಗೆ ನೇಣಿನ ಕುಣಿಕೆ. ನನ್ನ ಮುಖದ ಬಲೂನು ನನ್ನನ್ನೇ ಹುಡುಕಿಕೊಂಡು ಬರುತ್ತದೆ. ಅದನ್ನು ಒಡೆದರೆ ನಾನೂ ಸಾಯುತ್ತೇನೆ. ಇನ್ನೊಂದರಲ್ಲಿ ಭೂಕಂಪದಿಂದ ಬೆಟ್ಟದ ಮೈ ಸೀಳಿ, ಅದರ ತುಂಬ ಮನುಷ್ಯಾಕಾರದ ಬಿಲಗಳು ಕಾಣಿಸಿಕೊಳ್ಳುತ್ತವೆ. ಟಿವಿಯಲ್ಲಿ ನೋಡಿದವರು ಒಬ್ಬೊಬ್ಬರಾಗಿ ಬರುತ್ತಾರೆ, ತಮ್ಮ ಅಳತೆಯ ಬಿಲವನ್ನು ಗುರುತು ಹಿಡಿಯುತ್ತಾರೆ, ಬಟ್ಟೆ ಕಳಚಿ ಒಳಗೆ ಹೋಗುತ್ತಾರೆ. ಯಾರೂ ತಳ್ಳುವುದಿಲ್ಲ. ಯಾರ ಶಾಪವೂ ಇಲ್ಲ. ತಮಗಾಗಿಯೇ ಕೊರೆದ ಜಾಗವೊಂದಿದೆ ಎಂಬ ಭಾವನೆಗೆ ಮನುಷ್ಯ ಎಷ್ಟು ಸೋಲುತ್ತಾನೆ ಎಂಬುದನ್ನು ಇದಕ್ಕಿಂತ ಕಡಿಮೆ ಪುಟಗಳಲ್ಲಿ ಬರೆದವರನ್ನು ನಾನು ಓದಿಲ್ಲ. ಈ ಕಥೆ ಸೇರಿರುವುದು 'ಗ್ಯೊ' ಎಂಬ ಮೀನಿನ ಕಥೆಯ ಜೊತೆ. 'ಜಾಸ್' ಸಿನಿಮಾದ ಶಾರ್ಕ್ ಸಮುದ್ರ ಬಿಟ್ಟು ದಡಕ್ಕೂ ಬಂದರೆ ಎಂಬ ಯೋಚನೆಯಿಂದ ಹುಟ್ಟಿದ ಅದರಲ್ಲಿ, ಕೊಳೆತ ಹೆಣದ ನಾತದ ಬೇರು ಎರಡನೇ ಮಹಾಯುದ್ಧದ ಜಪಾನಿ ಸೇನೆಯ ಪ್ರಯೋಗಗಳಿಗೆ ಹೋಗಿ ಮುಟ್ಟುತ್ತದೆ. ಓಟದ ಕಥೆಯಾಗಿ ಅದು ಸೊಗಸು. ಬೆಟ್ಟದ ಬಿಲಗಳಷ್ಟು ಒಳಗಿಳಿಯುವುದಿಲ್ಲ.

ಇಷ್ಟೆಲ್ಲ ಬರೆದವರು ನೋಡಲು, ಮಾತಾಡಲು ಮೆಲುದನಿಯ, ನಗುಮುಖದ ಮನುಷ್ಯ. ಹೆಂಡತಿ ಅಯಾಕೊ ಇಶಿಗುರೊ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವವರು. 2009ರಲ್ಲಿ ಪುಸ್ತಕವಾದ ಬೆಕ್ಕಿನ ದಿನಚರಿಯಲ್ಲಿ ಇಟೊ ತಮ್ಮ ಮನೆಯ ಯೊನ್, ಮೂ ಎಂಬ ಎರಡು ಬೆಕ್ಕುಗಳ ಕಥೆಯನ್ನು ಅದೇ ಕಪ್ಪು ಗೆರೆಯಲ್ಲಿ, ಅದೇ ಹಿಗ್ಗಿದ ಕಣ್ಣುಗಳಲ್ಲಿ ಬರೆದರು. ಯೊನ್ ಬೆನ್ನ ಮೇಲೆ ತಲೆಬುರುಡೆಯಂಥ ಮಚ್ಚೆ. ಹೊಸ ಮನೆಗೆ ಬಂದ ಬೆಕ್ಕನ್ನು ಕಂಡು ಅಂಜುವ ಗಂಡಸು, ಆಮೇಲೆ ಅದು ತನ್ನ ಬಳಿ ಮಲಗಲೆಂದು ಹಂಬಲಿಸುವ ಗಂಡಸು. ಅಂಜಿಕೆ ಅಕ್ಕರೆಯಾಗುವುದಕ್ಕೆ ಅಲ್ಲಿ ಗೆರೆಯ ದಪ್ಪ ಕೂಡ ಬದಲಾಗುವುದಿಲ್ಲ. ಚಿತ್ರಕಥೆಗಳಿಗೆ ಕೊಡುವ ಐಸ್ನರ್ ಪ್ರಶಸ್ತಿಗಳು 2019ರಿಂದ ಒಂದರ ಹಿಂದೊಂದು ಬಂದವು, 2023ರಲ್ಲಿ ಫ್ರಾನ್ಸಿನ ಅಂಗುಲೆಮ್ ಚಿತ್ರಕಥಾ ಉತ್ಸವ ಅವರನ್ನು ಗೌರವಿಸಿತು.

ಮೊದಲ ಬಾರಿ ಓದುವವರು ಎಲ್ಲಿಂದ ಶುರು ಮಾಡಬೇಕು ಎಂದರೆ ಬಹಳ ಜನ 'ಉಝುಮಾಕಿ' ಎನ್ನುತ್ತಾರೆ. ನಾನು 'ತೊಮಿಯೆ'ಯ ಆ ಮೊದಲ ಕಥೆಯನ್ನೇ ಹೇಳುತ್ತೇನೆ. ಇಂಗ್ಲಿಷಿನಲ್ಲಿ ಸಿಗುತ್ತದೆ, ಮಕ್ಕಳ ಕೈಗೆ ಮಾತ್ರ ಬೇಡ. ಅದರ ಗೆರೆ ಇನ್ನೂ ಪಳಗಿಲ್ಲ. ಮುಖಗಳು ಒಂದು ಚೌಕದಿಂದ ಇನ್ನೊಂದಕ್ಕೆ ಬದಲಾಗುತ್ತವೆ, ಕೈಬೆರಳುಗಳು ಅಳತೆ ತಪ್ಪುತ್ತವೆ. ಆದರೆ ಅದನ್ನು ಬರೆಯುವಾಗ ಇಟೊಗೆ ಓದುಗರಿರಲಿಲ್ಲ, ಹೆಸರಿರಲಿಲ್ಲ. ಸತ್ತ ಸಹಪಾಠಿಯ ಬಗ್ಗೆ ಯಾರಲ್ಲೂ ಕೇಳಲಾಗದ ಪ್ರಶ್ನೆಯೊಂದಿತ್ತು, ಹಗಲೆಲ್ಲ ಕಟ್ಟುಹಲ್ಲು ಮಾಡಿ ದಣಿದ ಕೈಯಿತ್ತು. ಆ ಪುಟಗಳ ಅಳುಕು ಮುಂದಿನ ಪಳಗಿದ ಪುಟಗಳಲ್ಲಿ ನನಗೆ ಮತ್ತೆ ಸಿಕ್ಕಿಲ್ಲ.