ಯಾತ್ರೆಯ ನೆನಪು ಯಾರ ಸೊತ್ತು?

ದೂರದ ಕ್ಷೇತ್ರಕ್ಕೆ ಕಾಲ್ನಡಿಗೆಯಿಂದ ಹೋದವನು ಬರಿಗೈಯಲ್ಲಿ ಮನೆಗೆ ಮರಳುವ ವಾಡಿಕೆಯಿಲ್ಲ. ಕಾಶಿಗೆ ಹೋದವನು ಗಂಗೆಯ ತಂಬಿಗೆಯನ್ನು ತರುತ್ತಿದ್ದನು. ಪಂಢರಪುರಕ್ಕೆ ಹೋದವನು ಬುಕ್ಕಿಟ್ಟನ್ನೂ ತುಳಸಿಯ ಮಾಲೆಯನ್ನೂ ಚುರುಮುರಿಯನ್ನೂ ತರುತ್ತಾನೆ. ತಂದುದನ್ನು ನೆರೆಹೊರೆಗೆ ಹಂಚಿದ ಹೊರತು ಯಾತ್ರೆಯು ಮುಗಿಯಿತೆಂದು ಯಾರೂ ಎಣಿಸುವುದಿಲ್ಲ. ಈಗ ಈ ಸಾಮಗ್ರಿಗಳೊಡನೆ ಇನ್ನೊಂದು ಸೇರಿದೆ. ಇಂದಿನ ಯಾತ್ರಿಕನ ಮೊಬೈಲಿನಲ್ಲಿ ನೂರಾರು ಛಾಯಾಚಿತ್ರಗಳಿರುತ್ತವೆ; ಅವು ಅವನಿಗಿಂತ ಮುಂಚೆಯೇ ಊರನ್ನು ಮುಟ್ಟಿರುತ್ತವೆ. ಈ ಚಿತ್ರಗಳನ್ನೂ ನೆನಪುಗಳನ್ನೂ ಹಂಚುವುದು ಪ್ರಸಾದವನ್ನು ಹಂಚಿದಂತೆಯೋ, ಗಳಿಸಿದ ಐಶ್ವರ್ಯವನ್ನು ನಾಲ್ಕು ಜನಕ್ಕೆ ತೋರಿಸಿದಂತೆಯೋ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ವಿಜಯಪುರದ ಸೀಮೆಯ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಮಗನು ಆಳಂದಿಯಿಂದ ದಿಂಡಿಯೊಡನೆ ನಡೆದು, ಆಷಾಢದ ಏಕಾದಶಿಯನ್ನು ಪಂಢರಪುರದಲ್ಲಿ ಕಳೆದು ಬಂದಿದ್ದಾನೆ. ತಾಯಿಗೆ ಮೊಣಕಾಲಿನ ನೋವು. ಹಿಂದೆ ಎಷ್ಟೋ ವರ್ಷ ಅದೇ ಹಾದಿಯನ್ನು ನಡೆದವಳು ಈಗ ಹೊಸ್ತಿಲನ್ನು ದಾಟುವುದಕ್ಕೂ ಗೋಡೆಯನ್ನು ಹಿಡಿಯುತ್ತಾಳೆ. ಮಗನು ಪಕ್ಕದಲ್ಲಿ ಕುಳಿತು ಒಂದೊಂದೇ ಚಿತ್ರವನ್ನು ತೋರಿಸುತ್ತಾನೆ. ದಿವೇಘಾಟಿನ ತಿರುವುಗಳಲ್ಲಿ ಪತಾಕೆಗಳ ಸಾಲು ಏರುತ್ತಿರುವುದನ್ನು ಕಂಡು ಅವಳ ಕಣ್ಣು ತುಂಬುತ್ತದೆ. ಆ ಮೇಲೆ ಒಂದು ಚಿತ್ರ ಬರುತ್ತದೆ: ದಾರಿಯ ಬದಿಯ ಬೇವಿನ ಮರದ ಕೆಳಗೆ ಒಬ್ಬ ಮುದುಕಿ ಮೈಮರೆತು ನಿದ್ರಿಸಿದ್ದಾಳೆ, ಬಾಯಿ ತೆರೆದಿದೆ, ಸೆರಗು ಸರಿದಿದೆ, ಬಿರಿದ ಹಿಮ್ಮಡಿಗಳು ಎದುರಿಗೇ ಇವೆ. ಕಂಡವರೆಲ್ಲರೂ ಮೆಚ್ಚಿದ ಚಿತ್ರವದು.

"ಇವಳು ಯಾರು?" ಎಂದು ತಾಯಿ ಕೇಳುತ್ತಾಳೆ. ಮಗನಿಗೆ ಗೊತ್ತಿಲ್ಲ. "ಕೇಳಿ ತೆಗೆದೆಯಾ?" ಎನ್ನುತ್ತಾಳೆ. ದಣಿದು ಮಲಗಿದವಳನ್ನು ಎಬ್ಬಿಸುವುದಕ್ಕೆ ಸಂಕೋಚವಾಯಿತೆಂದು ಮಗನು ಹೇಳುತ್ತಾನೆ. "ಎಬ್ಬಿಸುವುದಕ್ಕೆ ಬಂದ ಸಂಕೋಚ ತೆಗೆಯುವುದಕ್ಕೆ ಬರಲಿಲ್ಲವೇ?" ಎಂಬುದು ತಾಯಿಯ ಮುಂದಿನ ಮಾತು.

ಈ ಪ್ರಶ್ನೆಯು ಕೇವಲ ಶಿಷ್ಟಾಚಾರದ್ದಲ್ಲ. ವಾರಿಯ ಪದ್ಧತಿಯನ್ನು ಬಲ್ಲವರಿಗೆ ಇದರ ತೂಕವು ತಿಳಿಯುತ್ತದೆ. ಆಳಂದಿಯಿಂದ ಜ್ಞಾನೇಶ್ವರರ ಪಲ್ಲಕ್ಕಿಯೂ ದೇಹೂವಿನಿಂದ ತುಕಾರಾಮರ ಪಲ್ಲಕ್ಕಿಯೂ ಜ್ಯೇಷ್ಠ ಬಹುಳದಲ್ಲಿ ಹೊರಟು, ಸುಮಾರು ಮೂರು ವಾರ ನಡೆದು, ಆಷಾಢ ಶುದ್ಧ ಏಕಾದಶಿಗೆ ಪಂಢರಪುರವನ್ನು ಸೇರುತ್ತವೆ. ಆ ಪಲ್ಲಕ್ಕಿಗಳಲ್ಲಿ ಸಂತರ ಮುಖವನ್ನು ತೋರುವ ವಿಗ್ರಹವಿರುವುದಿಲ್ಲ, ಇರುವುದು ಪಾದುಕೆ. ವಿಠ್ಠಲನ ಗುಡಿಯ ಮೊದಲ ಮೆಟ್ಟಿಲಿಗೆ ನಾಮದೇವರ ಹೆಸರಿದೆ. ಬರುವ ಭಕ್ತರ ಪಾದಧೂಳಿಯು ತಮ್ಮ ಮೇಲೆ ಬೀಳಲೆಂದು ಅವರು ಬಯಸಿದರೆಂಬುದು ಸಂಪ್ರದಾಯದ ನಂಬಿಕೆ. ನಡೆಯುವವರು ಒಬ್ಬರನ್ನೊಬ್ಬರು 'ಮಾವುಲಿ' ಎಂದರೆ ತಾಯಿ ಎಂದು ಕರೆದು, ವಯಸ್ಸನ್ನು ನೋಡದೆ ಪರಸ್ಪರ ಕಾಲಿಗೆರಗುತ್ತಾರೆ. ಬೆಳಗ್ಗೆ ಯಾವ ಪಾದಗಳಿಗೆ ತಾಯಿಯೆಂದು ನಮಸ್ಕರಿಸಿದನೋ, ಮಧ್ಯಾಹ್ನ ಅದೇ ಪಾದಗಳ ಬಿರುಕನ್ನು ಅವಳಿಗೆ ತಿಳಿಯದಂತೆ ಒಯ್ದು ಸಾವಿರ ಜನಕ್ಕೆ ತೋರಿಸಿದವನು ಆ ಸಂಬೋಧನೆಯನ್ನು ಎಷ್ಟರ ಮಟ್ಟಿಗೆ ನಂಬಿದ್ದನು?

ಇದಕ್ಕೆ ಪ್ರತಿಯಾಗಿ ಒಂದು ಸಮಾಧಾನವನ್ನು ಹೇಳುವುದುಂಟು. ಅಂಥ ಚಿತ್ರವನ್ನು ಕಂಡು ಯಾರಾದರೂ ದಯಾಳುಗಳು ಯಾತ್ರಿಕರ ಔಷಧೋಪಚಾರಕ್ಕೆ ಮನಸ್ಸು ಮಾಡಬಹುದಲ್ಲವೇ ಎಂಬುದೇ ಅದು. ಮಾಡಬಹುದು. ಆದರೆ ಆ ದಯೆಯ ಮೊದಲ ಹಕ್ಕು ಎದುರಿಗೆ ನಿಂತಿದ್ದವನ ಮೇಲೆಯೇ ಇತ್ತು. ಅವನ ಚೀಲದಲ್ಲಿಯೂ ಒಂದು ಮುಲಾಮಿನ ಡಬ್ಬಿ ಇದ್ದಿರಬೇಕು. ಅದನ್ನು ತೆರೆಯದೆ ಕ್ಯಾಮರಾವನ್ನು ಮಾತ್ರ ತೆರೆದವನು ಪರರ ದಯೆಯನ್ನು ನೆವವಾಗಿ ಹೇಳುವುದು ಉಚಿತವಲ್ಲ.

ಹಾಗಾದರೆ ಯಾತ್ರಿಕನು ಏನನ್ನೂ ಹೇಳದೆ, ಏನನ್ನೂ ತೋರಿಸದೆ ಮೌನವಾಗಿರುವುದೇ ಧರ್ಮವೋ? ಈ ಪಕ್ಷಕ್ಕೂ ಬಲವಾದ ಆಧಾರಗಳುಂಟು. ಕೊಟ್ಟ ದಾನವನ್ನು ಹೇಳಿಕೊಂಡರೆ ಅದು ಕ್ಷಯಿಸುವುದೆಂದು ಮನುಸ್ಮೃತಿಯು ಹೇಳುತ್ತದೆ. ದಾನಕ್ಕೆ ಹೇಳಿದ್ದು ಯಾತ್ರೆಗೂ ಸಲ್ಲುವುದೆಂದು ವಾದಿಸಬಹುದು. ಪಂಢರಪುರದಲ್ಲಿಯೇ ಎಷ್ಟೋ ವಾರಕರಿಗಳು ಜನಸಂದಣಿಯಿಂದ ಗರ್ಭಗುಡಿಯನ್ನು ಪ್ರವೇಶಿಸಲಾರದೆ, ಶಿಖರದ ಕಲಶಕ್ಕೆ ಕೈಮುಗಿದು ತೃಪ್ತರಾಗಿ ಹಿಂದಿರುಗುತ್ತಾರೆ. ದೇವರನ್ನೇ ಕಾಣದೆ ಮರಳಬಲ್ಲವರಿಗೆ ತಮ್ಮನ್ನು ಲೋಕವು ಕಾಣಬೇಕೆಂಬ ಹಂಬಲವೇಕೆ?

ಆದರೆ ಮೌನವೂ ಯಾವಾಗಲೂ ನಿರ್ದೋಷವಲ್ಲ. ನಾಲ್ಕನೆಯ ಶತಮಾನದ ಕೊನೆಯ ಭಾಗದಲ್ಲಿ ಎಜೀರಿಯಾ ಎಂಬ ಕ್ರೈಸ್ತ ಸ್ತ್ರೀಯು ಪಶ್ಚಿಮ ಯೂರೋಪಿನಿಂದ ಹೊರಟು ಜೆರೂಸಲೇಮನ್ನೂ ಸೀನಾಯಿ ಪರ್ವತವನ್ನೂ ಸಂದರ್ಶಿಸಿದಳು. ಸವಾರಿಗೆ ಸಾಧ್ಯವಿಲ್ಲದ ಆ ಬೆಟ್ಟವನ್ನು ಕಾಲ್ನಡಿಗೆಯಿಂದಲೇ ಏರಿದಳು. ಕಂಡುದೆಲ್ಲವನ್ನೂ ಊರಿನಲ್ಲಿ ಉಳಿದ ತನ್ನ ಧರ್ಮಸೋದರಿಯರಿಗೆ ಬರೆದಳು. ಆ ಬರಹದ ಮೊದಲೂ ಕೊನೆಯೂ ಕಳೆದುಹೋಗಿವೆ; ನಡುವಣ ಭಾಗದ ಒಂದು ಹಳೆಯ ಪ್ರತಿಯು 1884ರಲ್ಲಿ ಇಟಲಿಯ ಅರೆತ್ಸೋ ನಗರದಲ್ಲಿ ದೊರೆಯಿತು. ಆ ಸ್ತ್ರೀಯು ವಿನಯಕ್ಕಾಗಿ ಮೌನವಾಗಿದ್ದಿದ್ದರೆ ಸೋದರಿಯರಿಗೆ ಆಗ ನಷ್ಟ. ಲೋಕಕ್ಕೆ ಈಗ ನಷ್ಟ. ಅವಳ ಬರಹದಲ್ಲಿ ಎದ್ದು ಕಾಣುವುದು ಹೋದವಳ ಹಿರಿಮೆಯಲ್ಲ, ಹೋಗಲಾರದವರ ಕುತೂಹಲಕ್ಕೆ ಕೊಟ್ಟ ಉತ್ತರ.

ಸ್ಪೇನ್ ದೇಶದ ಸಾಂತಿಯಾಗೋ ಕ್ಷೇತ್ರದ ಪದ್ಧತಿಯೊಂದು ಇದಕ್ಕೆ ಹತ್ತಿರವಾಗಿದೆ. ಅಲ್ಲಿಗೆ ನಡೆದುಹೋದವರು ಕಡಲ ಚಿಪ್ಪನ್ನು ಗುರುತಾಗಿ ಧರಿಸುವುದು ಮಧ್ಯಯುಗದಿಂದಲೂ ಬಂದ ರೂಢಿ. ಕನಿಷ್ಠ 100 ಕಿಲೋಮೀಟರು ನಡೆದವರಿಗೆ ಲ್ಯಾಟಿನ್ ಭಾಷೆಯ ಪ್ರಮಾಣಪತ್ರವೊಂದು ದೊರೆಯುತ್ತದೆ. 2024ರಲ್ಲಿ ಹೀಗೆ ಲೆಕ್ಕಕ್ಕೆ ಬಂದ ಯಾತ್ರಿಕರು ಐದು ಲಕ್ಷಕ್ಕೆ ಸಮೀಪ. ಚಿಪ್ಪೂ ಪತ್ರವೂ ತೋರಿಸಿಕೊಳ್ಳುವುದಕ್ಕೇ ಇರುವ ವಸ್ತುಗಳೆಂದು ಹಗುರವಾಗಿ ಆಡಬಹುದು. ಆದರೆ ಅದೇ ಪತ್ರದಲ್ಲಿ, ಕಾಯಿಲೆಯಿಂದ ಬರಲಾರದವರ ಅಥವಾ ತೀರಿಹೋದವರ ಪರವಾಗಿ ಈ ನಡಿಗೆ ನಡೆಯಿತೆಂದು ಬರೆಸಿಕೊಳ್ಳುವುದಕ್ಕೂ ಅವಕಾಶವಿದೆ. ಪರಸ್ಥಳದಲ್ಲಿ ನಡೆದ ಕಾಲು ಮನೆಯಲ್ಲಿ ಮಲಗಿದವರ ಕಾಲಾಗಬಲ್ಲುದೆಂಬ ಈ ಭಾವನೆಯಿಂದ, ತೋರಿಕೆಯ ಕಾಗದವೇ ಸ್ಮರಣೆಯ ಕಾಗದವಾಗುತ್ತದೆ.

ಹಂಚಬೇಕೆಂಬುದು ಇಷ್ಟರಿಂದ ಸಿದ್ಧವಾದರೆ, ಏನನ್ನು ಹಂಚಬೇಕೆಂಬುದು ಉಳಿಯುತ್ತದೆ. ಇಲ್ಲಿ ಸತ್ಯದ ಪ್ರಶ್ನೆ ಬರುತ್ತದೆ. ಎತ್ತರದಿಂದ ತೆಗೆದ ಚಿತ್ರದಲ್ಲಿ ವಾರಿಯು ಬಿಳಿಯ ಟೋಪಿಗಳ ಒಂದೇ ಹೊಳೆಯಾಗಿ ಕಾಣುತ್ತದೆ. ಭೇದವೆಂಬುದು ಎಲ್ಲಿಯೂ ಇಲ್ಲವೆನ್ನಿಸುತ್ತದೆ. ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆಯವರು ತಾವೇ ದಿಂಡಿಯೊಡನೆ ನಡೆದು ಬರೆದ ಪ್ರಬಂಧದ ಇಂಗ್ಲಿಷ್ ರೂಪವು 1962ರಲ್ಲಿ ಪ್ರಕಟವಾಯಿತು. ಹಾದಿಯಲ್ಲಿ ಒಂದೇ ಅಭಂಗವನ್ನು ಹಾಡುತ್ತಿದ್ದವರು ಬಿಡಾರದಲ್ಲಿ ಬ್ರಾಹ್ಮಣರು ಬೇರೆ, ಮರಾಠರು ಬೇರೆ ಎಂದು ಅಡಿಗೆ ಊಟಗಳನ್ನು ಬೇರ್ಪಡಿಸಿಕೊಳ್ಳುತ್ತಿದ್ದುದನ್ನು ಅವರು ಮರೆಮಾಚಲಿಲ್ಲ. ತಾವು ಮರಾಠಾ ಹೆಂಗಸರೊಡನೆ ಕುಳಿತು ಉಂಡಮೇಲೆ ಅವರು ಕೈಹಿಡಿದು ಜೊತೆಗೆ ನಡೆದು ಮನಸ್ಸನ್ನು ಬಿಚ್ಚಿದರೆಂಬುದನ್ನೂ ಬರೆದರು. ಭಕ್ತಿಯನ್ನು ಅವರು ಕೀಳುಮಾಡಲಿಲ್ಲ. ಭಕ್ತಿಯ ಸೆರಗಿನಲ್ಲಿ ಲೋಪವನ್ನು ಮುಚ್ಚಲೂ ಇಲ್ಲ. ಇಂಥ ನೆನಪು ಕೇಳಿದವರನ್ನು ಯೋಚನೆಗೆ ಹಚ್ಚುತ್ತದೆ. ಅಂದವಾದುದನ್ನು ಮಾತ್ರ ಆರಿಸಿ ಕಟ್ಟಿದ ನೆನಪು ಮುಂದೆ ಹೊರಡುವವನಿಗೆ ದಾರಿಯನ್ನು ತೋರಿಸಲಾರದು.

ಜಪಾನಿನ ಶಿಕೋಕು ದ್ವೀಪದಲ್ಲಿ 88 ದೇವಾಲಯಗಳನ್ನು ಸುತ್ತಿಬರುವ, ಸುಮಾರು 1200 ಕಿಲೋಮೀಟರಿನ ಯಾತ್ರಾಮಾರ್ಗವಿದೆ. ದಾರಿಯ ಹಳ್ಳಿಗರು ನಡೆಯುವವರಿಗೆ ಹಣ್ಣನ್ನೋ ಚಹವನ್ನೋ ಕೊಟ್ಟು ಉಪಚರಿಸುತ್ತಾರೆ. ಪಡೆದ ಯಾತ್ರಿಕನು ತನ್ನ ಹೆಸರನ್ನು ಬರೆದ ಒಂದು ಚೀಟಿಯನ್ನು ಅವರ ಕೈಯಲ್ಲಿಡುತ್ತಾನೆ. ಉಪಕಾರಿಯ ಚಿತ್ರವನ್ನು ತಾನು ಒಯ್ಯುವುದಕ್ಕೆ ಮೊದಲು ತನ್ನ ಗುರುತನ್ನು ಅವರಲ್ಲಿ ಬಿಟ್ಟುಹೋಗುವ ಈ ಕ್ರಮವು ಚಿಂತನೀಯವಾಗಿದೆ. ಯುಗಾದಿಯ ಮುನ್ನ ಉತ್ತರ ಕರ್ನಾಟಕದಿಂದ ಶ್ರೀಶೈಲಕ್ಕೆ ನಡೆಯುವವರಿಗೆ ಹಾದಿಯುದ್ದಕ್ಕೂ ಮಜ್ಜಿಗೆಯನ್ನೂ ಅಂಬಲಿಯನ್ನೂ ಕೊಡುವ ಜನರಿದ್ದಾರೆ. ಅವರ ಹೆಸರು ಎಷ್ಟು ಮಂದಿ ಯಾತ್ರಿಕರ ನೆನಪಿನಲ್ಲಿ ಉಳಿದಿದೆ? ಮಲ್ಲಯ್ಯನ ಗುಡಿಯ ಮುಂದೆ ನಿಂತು ತೆಗೆಸಿಕೊಂಡ ಚಿತ್ರವು ಎಲ್ಲರಲ್ಲಿಯೂ ಇರುತ್ತದೆ. ಮಜ್ಜಿಗೆಯ ಕೊಡವನ್ನು ಹೊತ್ತು ಬಿಸಿಲಿನಲ್ಲಿ ನಿಂತವಳ ಹೆಸರು ಯಾರಲ್ಲಿಯೂ ಇರುವುದಿಲ್ಲ.

ಇದರಿಂದ ತಿಳಿಯುವುದೇನೆಂದರೆ, ಯಾತ್ರೆಯ ನೆನಪು ನಡೆದವನೊಬ್ಬನ ಸ್ವಯಾರ್ಜಿತ ಸೊತ್ತಲ್ಲ. ಅದರಲ್ಲಿ ನೀರು ಕೊಟ್ಟವರ ಪಾಲಿದೆ, ಜೊತೆಗೆ ನಡೆದವರ ಪಾಲಿದೆ, ಮನೆಯನ್ನು ನೋಡಿಕೊಂಡು ಇವನನ್ನು ಕಳುಹಿಸಿಕೊಟ್ಟವರ ಪಾಲಿದೆ. ನೆನಪನ್ನು ಹಂಚುವುದೆಂದರೆ ಈ ಋಣವನ್ನು ಅಷ್ಟಿಷ್ಟು ತೀರಿಸುವುದು. ಋಣವನ್ನು ತೀರಿಸುವಾಗ ಸಾಲಗಾರನು ತನ್ನ ಹಿರಿಮೆಯನ್ನು ಹೇಳಿಕೊಳ್ಳುವುದು ಶೋಭಿಸದು. ಒಬ್ಬರ ಪಾಲನ್ನು ಅವರನ್ನು ಕೇಳದೆ ಇನ್ನೊಬ್ಬರಿಗೆ ಕೊಡುವುದೂ ನ್ಯಾಯವಲ್ಲ. ಹಾಗೆಂದು ಛಾಯಾಚಿತ್ರವನ್ನು ಹಳಿಯಬೇಕಾದುದಿಲ್ಲ. 2020ರಲ್ಲಿಯೂ 2021ರಲ್ಲಿಯೂ ಸಾಂಕ್ರಾಮಿಕ ರೋಗದ ದೆಸೆಯಿಂದ ವಾರಿಯ ದೊಡ್ಡ ನಡಿಗೆಯು ನಿಂತು, ಸಂತರ ಪಾದುಕೆಗಳು ಬಸ್ಸಿನಲ್ಲಿ ಪಂಢರಪುರಕ್ಕೆ ಹೋದುವು. ಪ್ರತಿವರ್ಷವೂ ನಡೆಯುತ್ತಿದ್ದವರು ಆ ಆಷಾಢಗಳಲ್ಲಿ ಮನೆಯಲ್ಲಿಯೇ ಉಳಿದರು. ಅಂಥವರಿಗೆ ಹಿಂದಿನ ವರ್ಷಗಳ ಒಂದು ಚಿತ್ರವು ಎಷ್ಟು ದೊಡ್ಡ ಆಸರೆಯೆಂಬುದನ್ನು ಮೊಣಕಾಲು ಸೋತ ತಾಯಿಯು ಚೆನ್ನಾಗಿ ಬಲ್ಲಳು.

ಅವಳು ಮಗನ ಮೊಬೈಲನ್ನು ತಳ್ಳಿಹಾಕಲಿಲ್ಲವೆಂಬುದನ್ನು ಗಮನಿಸಬೇಕು. ಮುದುಕಿಯ ಚಿತ್ರವನ್ನು ಇನ್ನು ಯಾರಿಗೂ ಕಳುಹಿಸಬೇಡವೆಂದಳು. ಆ ಮೇಲೆ ಅವಳು ಕೇಳಿದ ಪ್ರಶ್ನೆಗಳಿಗೆ ಯಾವ ಚಿತ್ರದಲ್ಲಿಯೂ ಉತ್ತರವಿರಲಿಲ್ಲ. ಮಳೆ ಬಂದ ರಾತ್ರಿ ಎಲ್ಲಿ ಮಲಗಿದಿರಿ? ತುಳಸಿಯ ಕಟ್ಟೆಯನ್ನು ತಲೆಯ ಮೇಲೆ ಹೊತ್ತವಳು ದಣಿದಾಗ ಯಾರು ತೆಗೆದುಕೊಂಡರು? ಹಿಟ್ಟು ಮುಗಿದಾಗ ಕೊಟ್ಟವರು ಯಾರು? ಮಗನು ಮೊಬೈಲನ್ನು ಕೆಳಗಿಟ್ಟು ನೆನಪುಮಾಡಿಕೊಳ್ಳತೊಡಗಿದನು. ಕೆಲವಕ್ಕೆ ಉತ್ತರವು ಹೊಳೆಯಿತು, ಕೆಲವಕ್ಕೆ ಹೊಳೆಯಲಿಲ್ಲ. ಬೇವಿನ ಮರದ ಕೆಳಗಿನ ಮುದುಕಿಯ ಊರು ಯಾವುದೆಂದು ಕೇಳಿ ತಿಳಿಯುವುದಕ್ಕೆ ಅವನು ಮುಂದಿನ ಆಷಾಢದವರೆಗೆ ಕಾಯಬೇಕಾಗಿದೆ.