ಬರಲಾರದವರ ಸರದಿ

 

ಕಳೆದ ಭಾನುವಾರ ನಾವು ಮಹಾವಗ್ಗದ ಉಪೋಸಥ ಖಂಧಕ ಓದಿದೆವು. ಬರೀ ರೂಲ್ಸೇ ಇದೆಯಲ್ಲ, ಸಂಸಾರಸ್ಥರಾದ ನಮಗೆ ಇದರಿಂದ ಏನು ಪ್ರಯೋಜನ ಎಂದು ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಆದರೆ ಕಾಯಿಲೆಯ ಭಿಕ್ಖುವಿನ ಬಗ್ಗೆ ಬರುವ ನಿಯಮ ಓದುವಾಗ ನನ್ನ ಕಣ್ಣ ಮುಂದೆ ಆಸ್ಪತ್ರೆಯ ಟೋಕನ್ ಕೌಂಟರ್ ಬಂದು ನಿಂತಿತು.

ನಿಯಮ ಹೀಗಿದೆ. ಹದಿನೈದು ದಿನಕ್ಕೊಮ್ಮೆ ಒಂದು ಸೀಮೆಯ ಭಿಕ್ಖುಗಳೆಲ್ಲ ಸೇರಿ ಪಾತಿಮೊಕ್ಖ ಪಠಿಸಬೇಕು. ಯಾರೂ ತಪ್ಪಿಸುವ ಹಾಗಿಲ್ಲ. ಒಮ್ಮೆ ಹಾಗೆ ಸೇರಿದಾಗ, ಒಬ್ಬ ಭಿಕ್ಖುವಿಗೆ ಹುಷಾರಿಲ್ಲ, ಬಂದಿಲ್ಲ ಎಂಬ ಸುದ್ದಿ ಬಂತು. ಅವನು ತನ್ನ ಪರಿಶುದ್ಧಿಯ ಮಾತನ್ನು ಇನ್ನೊಬ್ಬರ ಮೂಲಕ ಹೇಳಿ ಕಳಿಸಬಹುದು ಎಂದರು ಬುದ್ಧರು. ಅದೂ ಆಗದಿದ್ದರೆ ಮಂಚದ ಮೇಲೋ ಪೀಠದ ಮೇಲೋ ಅವನನ್ನು ಹೊತ್ತು ತರಬೇಕು. ಹೊತ್ತು ತಂದರೆ ಕಾಯಿಲೆ ಹೆಚ್ಚಾದೀತು, ಪ್ರಾಣಕ್ಕೇ ಕುತ್ತಾದೀತು ಎಂದು ಆರೈಕೆ ಮಾಡುವವರಿಗೆ ಅನಿಸಿದರೆ ಅವನನ್ನು ಅಲುಗಾಡಿಸುವಂತಿಲ್ಲ. ಆಗ ಇಡೀ ಸಂಘವೇ ಎದ್ದು ಅವನಿರುವಲ್ಲಿಗೆ ಹೋಗಬೇಕು.

ಬಾರದವನನ್ನು ಬಿಟ್ಟು ಸಭೆ ಮುಗಿಸುವ ದಾರಿಯೇ ಅಲ್ಲಿಲ್ಲ, ನೋಡಿ. ಅವನು ಬರಲಾರ ಎಂಬುದು ಇಡೀ ಸಭೆಯ ತೊಂದರೆ. ಇನ್ನೂ ಒಂದು ಸಂಗತಿ: ಅಲುಗಾಡಿಸಬಹುದೇ ಬೇಡವೇ ಎಂದು ತೀರ್ಮಾನಿಸುವವರು ಹಿರಿಯ ಥೇರರಲ್ಲ, ರೋಗಿಯ ಪಕ್ಕದಲ್ಲಿ ಕೂತು ಮಲಮೂತ್ರ ಬಳಿಯುವವರು.

ಈಗ ನಮ್ಮ ಕಾಲಕ್ಕೆ ಬನ್ನಿ. ನನ್ನ ತಮ್ಮನಿಗೆ ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ. ಈಗ 38 ವರ್ಷ. ಮೂರ್ಛೆಗೆ ಮಾತ್ರೆ ನಡೆಯುತ್ತಿದೆ, ಮೂರು ತಿಂಗಳಿಗೊಮ್ಮೆ ಒಂದು ದೊಡ್ಡ ಆಸ್ಪತ್ರೆಯಲ್ಲಿ ತೋರಿಸಬೇಕು. (ಹೆಸರು ಬೇಡ. ಎಲ್ಲ ಕಡೆಯೂ ಹೆಚ್ಚುಕಮ್ಮಿ ಇದೇ ಕಥೆ.) ನಾನು ಕೆಲಸದ ಊರಿನಲ್ಲಿರುವುದರಿಂದ ಕರೆದೊಯ್ಯುವವರು ನಮ್ಮಮ್ಮ, ವಯಸ್ಸು 69. ಅವನ ಸ್ನಾನ, ಬಟ್ಟೆ, ತಿಂಡಿ ಮುಗಿಯಲು ಎರಡು ಗಂಟೆ ಬೇಕು. ಗಂಜಿಯನ್ನು ಚಮಚದಲ್ಲಿ ನಿಧಾನಕ್ಕೆ ಕುಡಿಸಬೇಕು, ಅವಸರ ಮಾಡಿದರೆ ನೆತ್ತಿಗೇರುತ್ತದೆ. ಎಂಟಕ್ಕೆ ಟೋಕನ್ ಎಂದರೆ ಅಮ್ಮ ನಾಲ್ಕಕ್ಕೇ ಏಳಬೇಕು. ಅಲ್ಲಿ ಹೋದ ಮೇಲೆ ನೋಂದಣಿ ಒಂದು ಕಿಟಕಿ, ಹಣ ಕಟ್ಟುವುದು ಇನ್ನೊಂದು, ಹಳೆಯ ಫೈಲ್ ತೆಗೆಸುವುದು ಮತ್ತೊಂದು. ಗಾಲಿಕುರ್ಚಿ ಬಿಟ್ಟು ಸಾಲಿನಲ್ಲಿ ನಿಂತರೆ ಅವನು ಗಾಬರಿಯಾಗಿ ಕೂಗುತ್ತಾನೆ. ತಳ್ಳಿಕೊಂಡು ಹೋಗೋಣವೆಂದರೆ ಸಾಲಿನಲ್ಲಿ ಅಷ್ಟು ಜಾಗವಿಲ್ಲ. ಆ ದಿನ ಅಮ್ಮ ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ. ಕುಡಿದರೆ ಶೌಚಾಲಯಕ್ಕೆ ಹೋಗಬೇಕು, ಅಷ್ಟು ಹೊತ್ತು ಅವನನ್ನು ಯಾರ ಬಳಿ ಬಿಡುವುದು?

ಫೋನಿನಲ್ಲಿ ಬುಕ್ ಮಾಡಬಹುದಲ್ಲ ಎನ್ನುತ್ತಾರೆ. ಮಾಡಬಹುದು. ಈಗ ಎಷ್ಟೋ ಸರ್ಕಾರಿ ಆಸ್ಪತ್ರೆಗಳಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಒಪಿಡಿ ಟೋಕನ್ ಬರುತ್ತದೆ, ಒಳ್ಳೆಯ ಏರ್ಪಾಡು. ಮನೆಯಿಂದಲೇ ವೈದ್ಯರ ಜೊತೆ ಮಾತಾಡಲು ಇ-ಸಂಜೀವನಿ ಇದೆ. ಆದರೆ ಅಮ್ಮನ ಫೋನಿನಲ್ಲಿ ಒತ್ತಲು ಬಟನ್ ಇದೆ, ಸ್ಕ್ಯಾನ್ ಮಾಡಲು ಕ್ಯಾಮೆರಾ ಇಲ್ಲ. ನಮ್ಮ ಪಕ್ಕದ ಮನೆಯ ಅಜ್ಜಿಗೆ ಕಿವಿ ಕೇಳದು. ಮೈಕಿನಲ್ಲಿ ತನ್ನ ಹೆಸರು ಕೂಗಿದ್ದು ತಿಳಿಯದೆ ಅವರು ಸಂಜೆಯವರೆಗೆ ಕೂತು ಬಸ್ಸು ಹತ್ತಿ ವಾಪಸ್ ಬಂದಿದ್ದಾರೆ.

ಕಾನೂನೂ ಇದೆ. ವಿಕಲಚೇತನರ ಹಕ್ಕುಗಳ ಕಾಯ್ದೆ, 2016ರ 25ನೇ ಸೆಕ್ಷನ್ನಿನಲ್ಲಿ ಎರಡು ಮಾತಿವೆ: ಸರ್ಕಾರಿ, ಖಾಸಗಿ ಎಲ್ಲ ಆಸ್ಪತ್ರೆಗಳಿಗೂ ಅಡೆತಡೆಯಿಲ್ಲದ ಪ್ರವೇಶ, ಮತ್ತು ತಪಾಸಣೆ-ಚಿಕಿತ್ಸೆಯಲ್ಲಿ ಆದ್ಯತೆ. ಹಿರಿಯ ನಾಗರಿಕರಿಗೆ ಆಸ್ಪತ್ರೆಯಲ್ಲಿ ಪ್ರತ್ಯೇಕ ಸಾಲು ಇರಬೇಕೆಂದು 2007ರ ಕಾಯ್ದೆ ಹೇಳುತ್ತದೆ. ಬೋರ್ಡು ಕೂಡ ಇರುತ್ತದೆ. ಬೋರ್ಡಿನ ಕೆಳಗಿನ ಕಿಟಕಿ ಮುಚ್ಚಿರುತ್ತದೆ, ಅಷ್ಟೇ.

ಒಮ್ಮೆ ನಾನೇ ಜೊತೆಗಿದ್ದಾಗ ತಮ್ಮನ ಕಾರ್ಡ್ ತೋರಿಸಿ ಮುಂದೆ ಹೋದೆವು. ಸಾಲಿನಲ್ಲಿದ್ದ ಒಬ್ಬ ಗಾರೆ ಕೆಲಸದವರು ಸಿಟ್ಟಾದರು. "ನಾನು ಐದು ಗಂಟೆಗೆ ಬಂದೋನು ಸ್ವಾಮಿ. ನನಗೂ ಜ್ವರ. ಇವತ್ತಿನ ಕೂಲಿ ಹೋಯ್ತು. ನಾವೇನು ಆರೋಗ್ಯವಾಗಿದೀವಾ?" ಅವರ ಮಾತು ನನ್ನ ತಲೆಯಲ್ಲಿ ಬಹಳ ದಿನ ಉಳಿಯಿತು, ಏಕೆಂದರೆ ಅದರಲ್ಲಿ ಸುಳ್ಳಿಲ್ಲ. ಒಬ್ಬರ ಕರುಣೆಯ ಖರ್ಚನ್ನು ಇನ್ನೊಬ್ಬ ಬಡವರ ಜೇಬಿನಿಂದ ಕೊಡಿಸುವುದು ಯಾವ ನ್ಯಾಯ?

ಯೋಚಿಸುತ್ತಾ ಹೋದರೆ, ಸಾಲು ಅಳೆಯುವುದು ಒಂದನ್ನೇ: ಯಾರು ಮೊದಲು ಬಂದರು. ಮೊದಲು ಬರುವುದಕ್ಕೂ ಕಾಲಿನಲ್ಲಿ ಬಲ ಬೇಕು, ಮನೆಯಲ್ಲಿ ಜನ ಬೇಕು. ತೀರಾ ನಿತ್ರಾಣರಾದವರು ತೀರಾ ಕೊನೆಗೆ ಬರುತ್ತಾರೆ, ಇಲ್ಲವೇ ಬರುವುದೇ ಇಲ್ಲ. ಹಾಗಾಗಿ 'ಎಲ್ಲರಿಗೂ ಒಂದೇ ರೂಲು' ಎಂದು ಕೌಂಟರಿನಲ್ಲಿ ಹೇಳುವ ಮಾತು ಕೇಳಲು ಸಮಭಾವದಂತಿದ್ದರೂ ಸಮಭಾವವಲ್ಲ. ಉಪೇಕ್ಖಾದ ಪಕ್ಕದಲ್ಲೇ ಅದರದೇ ವೇಷ ಹಾಕಿಕೊಂಡು ನಿಲ್ಲುವ ಶತ್ರು ಅಜ್ಞಾನದ ಉದಾಸೀನ ಎಂದು ವಿಸುದ್ಧಿಮಗ್ಗದಲ್ಲಿ ಬುದ್ಧಘೋಷರು ಎಚ್ಚರಿಸಿದ್ದಾರೆ. ಇಲ್ಲಿರುವುದು ಅದೇ.

ಆದರೆ ಗಾರೆಯವರಿಗೆ ಇದು ಪೂರ್ತಿ ಉತ್ತರವಲ್ಲ. ಅವರಿಗೆ ಉತ್ತರ ಸಿಗಬೇಕಾದರೆ ಸಾಲನ್ನೇ ಬದಲಿಸಬೇಕು. ಅಮ್ಮನಿಗೆ ಮೊದಲೇ 'ಹನ್ನೊಂದೂವರೆಗೆ ಬನ್ನಿ' ಎಂದು ಸಮಯ ಕೊಟ್ಟಿದ್ದರೆ ಅವರ ಮುಂದೆ ನಾವು ನುಗ್ಗುವ ಪ್ರಶ್ನೆಯೇ ಇರಲಿಲ್ಲ. ಅವರಿಗೂ ಒಂದು ಸಮಯ ಗೊತ್ತಿದ್ದರೆ ಅರ್ಧ ದಿನದ ಕೂಲಿಯಾದರೂ ಉಳಿಯುತ್ತಿತ್ತು. ಇಬ್ಬರು ದುರ್ಬಲರನ್ನು ಒಂದೇ ಕಿಟಕಿಯ ಮುಂದೆ ಜಗಳಕ್ಕೆ ಬಿಟ್ಟು, ಒಳಗೆ ಕೂತವರು ನಿಶ್ಚಿಂತೆಯಿಂದ ಇರುವುದು ನನಗೆ ಸರಿ ಕಾಣುವುದಿಲ್ಲ.

ಆದ್ಯತೆ ಕೊಟ್ಟರೆ ದುರುಪಯೋಗ ಆಗುತ್ತದೆ ಎಂಬ ಮಾತೂ ಬರುತ್ತದೆ. ಆಗುತ್ತದೆ. ಬುದ್ಧರ ಕಾಲದಲ್ಲೇ ಆಗಿತ್ತು! ಕಾಯಿಲೆಯವರನ್ನು ಹಾಸಿಗೆಯಿಂದ ಎಬ್ಬಿಸಬಾರದು ಎಂದು ನಿಯಮವಾದ ಮೇಲೆ, ಛಬ್ಬಗ್ಗಿಯ ಭಿಕ್ಖುಗಳು ನಮಗೂ ಕಾಯಿಲೆ ಎಂದು ಹೇಳಿಕೊಂಡು ಒಳ್ಳೊಳ್ಳೆಯ ಜಾಗ ಹಿಡಿದು ಮಲಗಿದರೆಂದು ಚುಳ್ಳವಗ್ಗದಲ್ಲಿದೆ. ಹಾಗೆಂದು ಬುದ್ಧರು ರೋಗಿಗಳಿಗೆ ಕೊಟ್ಟದ್ದನ್ನು ಕಿತ್ತುಕೊಳ್ಳಲಿಲ್ಲ. ರೋಗಿಗೆ ಅನುಕೂಲವಾದ ಜಾಗ ಕೊಡಿ, ನೆಪ ಹೇಳಿ ಹಿಡಿದುಕೊಳ್ಳಬೇಡಿ ಎಂದರು.

ದೊಡ್ಡ ಖರ್ಚಿನ ಮಾತನ್ನೇನೂ ನಾನು ಆಡುತ್ತಿಲ್ಲ. ಬುಕ್ ಮಾಡುವಾಗ ಒಂದು ಪ್ರಶ್ನೆ ಸಾಕು: ಇಲ್ಲಿಗೆ ಬರಲು ನಿಮಗೆ ಏನು ಬೇಕು? ಒಬ್ಬರಿಗೆ ಬೆಳಗಿನ ಮೊದಲ ಸರದಿ ಬೇಕಿರುತ್ತದೆ, ಗದ್ದಲಕ್ಕೆ ಹೆದರುವ ಮಗುವಿಗೆ ಜನ ಕರಗಿದ ಮೇಲಿನ ಕೊನೆಯ ಸರದಿ. ಇನ್ನೊಬ್ಬರಿಗೆ ಸರದಿ ಹತ್ತಿರ ಬಂದಾಗ ಒಂದು ಫೋನ್ ಕರೆ, ಅಲ್ಲಿಯವರೆಗೆ ಹೊರಗೆ ಮರದ ಕೆಳಗೆ ಕೂರುತ್ತಾರೆ. ಉತ್ತರವನ್ನು ಫೈಲಿನ ಮೇಲೆ ಬರೆದಿಟ್ಟರೆ ಪ್ರತಿ ಸಲ ಬೇಡಿಕೊಳ್ಳುವುದು ತಪ್ಪುತ್ತದೆ. ನಮ್ಮೂರಿನಲ್ಲಿ ಮೊದಲು ಒಬ್ಬ ಹಳೆಯ ಡಾಕ್ಟರಿದ್ದರು. ತಮ್ಮನನ್ನು ಕರೆತಂದಿದ್ದೇವೆ ಎಂದು ಕಾಂಪೌಂಡರ್ ಹೇಳಿದ ಕೂಡಲೇ ಸ್ಟೆತಾಸ್ಕೋಪ್ ಹಿಡಿದು ಮೆಟ್ಟಿಲಿಳಿದು ಆಟೊ ಹತ್ತಿರ ಬರುತ್ತಿದ್ದರು. ಅವರು ಉಪೋಸಥ ಖಂಧಕ ಓದಿದವರಲ್ಲ. ಕೇರಳದಲ್ಲಿ ಇದನ್ನೇ ಒಂದು ವ್ಯವಸ್ಥೆಯಾಗಿ ಕಟ್ಟಿದ್ದಾರೆ. 1993ರಲ್ಲಿ ಕೋಯಿಕ್ಕೋಡ್‌ನಲ್ಲಿ ಶುರುವಾದ ಉಪಶಮನ ಆರೈಕೆ ಬೆಳೆದು, 2008ರಲ್ಲಿ ಸರ್ಕಾರದ ನೀತಿಯೇ ಆಯಿತು. ಹಾಸಿಗೆ ಹಿಡಿದವರ ಮನೆಗೆ ಪಂಚಾಯಿತಿಯ ನರ್ಸ್ ಹೋಗುತ್ತಾರೆ.

ಕೊನೆಗೆ ಆರೈಕೆ ಮಾಡುವವರ ವಿಷಯ. ತಮ್ಮನ ಮೂರ್ಛೆ ಬರುವ ಮುನ್ನ ಅವನ ಎಡಗೈ ಬೆರಳು ಹೇಗೆ ಮಡಚಿಕೊಳ್ಳುತ್ತದೆ ಎಂಬುದು ಅಮ್ಮನಿಗೆ ಮಾತ್ರ ಗೊತ್ತು. ಅದನ್ನು ಹೇಳಲು ಬಾಯಿ ತೆರೆದಾಗ 'ನೀವು ಸುಮ್ಮನಿರಿ, ಪೇಷಂಟ್ ನೋಡ್ತಿದೀವಿ' ಎಂದವರೂ ಇದ್ದಾರೆ. ಆ ಅಮ್ಮನೇ ಇನ್ನೊಬ್ಬ ಪೇಷಂಟ್ ಎಂಬುದು ಯಾರ ಕಣ್ಣಿಗೂ ಬಿದ್ದಿಲ್ಲ. ಅವರ ಎರಡೂ ಕಣ್ಣಿನಲ್ಲಿ ಪೊರೆ ಬಂದಿದೆ. ಆಪರೇಷನ್‌ಗೆ ದಿನ ಕೊಟ್ಟು ಎರಡು ಸಲ ಮುಂದೆ ಹೋಯಿತು, ತಮ್ಮನನ್ನು ನೋಡಿಕೊಳ್ಳಲು ಜನವಿಲ್ಲದೆ.

ಈಗ ಬರುವ ತಿಂಗಳ 14ಕ್ಕೆ ಮತ್ತೆ ದಿನ ಸಿಕ್ಕಿದೆ. ನಾನು ಆಸ್ಪತ್ರೆಯಲ್ಲಿ ಅಮ್ಮನ ಜೊತೆ ಇರುತ್ತೇನೆ. ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಎರಡರವರೆಗೆ ತಮ್ಮನ ಹತ್ತಿರ ಕೂರಬಲ್ಲವರು ಇಬ್ಬರು ಬೇಕು. ಗಂಜಿ ಕುಡಿಸುವುದನ್ನು ಹಿಂದಿನ ದಿನ ಅಮ್ಮನೇ ತೋರಿಸಿಕೊಡುತ್ತಾರೆ. ಆಗುವವರು ನನಗೊಂದು ಮೆಸೇಜ್ ಹಾಕಿ. ನಿಮ್ಮ ಮನೆಗಳಲ್ಲೂ ಹೀಗೆ ಮುಂದೆ ಹೋಗುತ್ತಿರುವ ತಾರೀಖುಗಳಿದ್ದರೆ ಅದನ್ನೂ ಬರೆಯಿರಿ.